ಶೇಂಗಾ ಸುಗ್ಗಿಯಲ್ಲಿ ಆನ್‌ಲೈನ್ ಕ್ಲಾಸು

ಚಿತ್ರದುರ್ಗದ ಒಂದು ಡಿಗ್ರಿ ಕಾಲೇಜಿನಲ್ಲಿ ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುವ ಕೆಲಸ ನನ್ನದು. ಸಿಸ್ಟಂ ಆನ್ ಆಗದಿದ್ದರೆ, ಪ್ರಿಂಟರಿನಲ್ಲಿ ಪೇಪರ್ ಸಿಕ್ಕಿಕೊಂಡರೆ ನನ್ನನ್ನು ಕರೆಯುತ್ತಿದ್ದರು. 2020ರ ಸೆಪ್ಟೆಂಬರಿನಲ್ಲಿ ಡಿಗ್ರಿ ಕ್ಲಾಸುಗಳು ಆನ್‌ಲೈನಿನಲ್ಲಿ ಶುರುವಾದವು ನೋಡಿ, ಹಲ್ಲುಜ್ಜುವ ಹೊತ್ತಿಗೇ ಫೋನು ಹೊಡೆದುಕೊಳ್ಳತೊಡಗಿತು. ಮೇಷ್ಟ್ರುಗಳು, ಆಫೀಸಿನವರು, ಹುಡುಗರು, ಒಮ್ಮೊಮ್ಮೆ ಹುಡುಗರ ಅಪ್ಪಂದಿರು.

ಅಕ್ಟೋಬರಿನ ಒಂದು ಸೋಮವಾರ. ಬೆಳಿಗ್ಗೆ ಮೊದಲ ಫೋನು ಕನ್ನಡ ಮೇಡಂ ಅವರದು.

"ಏನಪ್ಪಾ, ನಾನು ಬರೆದಿದ್ದೆಲ್ಲ ಉಲ್ಟಾ ಕಾಣ್ತಿದೆ. ಹುಡುಗರು ಹೇಗೆ ಓದ್ತಾರೆ?"

ಹಳಗನ್ನಡದ ಪದ್ಯವೊಂದನ್ನು ಹಳೇ ಕ್ಯಾಲೆಂಡರಿನ ಹಿಂಬದಿಗೆ ದಪ್ಪ ಪೆನ್ನಿನಲ್ಲಿ ಬರೆದು ಗೋಡೆಗೆ ಅಂಟಿಸಿದ್ದರು. ಸೆಲ್ಫಿ ಕ್ಯಾಮರಾ ನಮಗೆ ನಮ್ಮನ್ನು ಕನ್ನಡಿಯಲ್ಲಿ ಕಂಡ ಹಾಗೆ ತೋರಿಸುತ್ತದೆ. ಆ ಕಡೆಯವರಿಗೆ ಅಕ್ಷರ ಸರಿಯಾಗಿಯೇ ಕಾಣುತ್ತದೆ. ಹೇಳಿದರೆ ನಂಬಲಿಲ್ಲ. ನಾನೇ ಕ್ಲಾಸಿಗೆ ಸೇರಿಕೊಂಡು ಸ್ಕ್ರೀನ್‌ಶಾಟ್ ಕಳಿಸಿದ ಮೇಲೆ ನಕ್ಕರು. ನಿವೃತ್ತಿ ಹತ್ತಿರವಿದ್ದ ಅವರನ್ನು ಕೆಲವರು ಆಡಿಕೊಳ್ಳುತ್ತಿದ್ದರು. ನನಗೆ ಮಾತ್ರ ಅವರ ಜೊತೆ ಕೆಲಸ ಸಲೀಸು. ಗೊತ್ತಿಲ್ಲದ್ದನ್ನು ಕೇಳುತ್ತಿದ್ದರು, ಅಷ್ಟೇ. ಎಲ್ಲ ಗೊತ್ತು ಅಂದುಕೊಂಡವರು ಮೈಕ್ ಮ್ಯೂಟ್ ಮಾಡಿಕೊಂಡೇ ಅರ್ಧ ಗಂಟೆ ಪಾಠ ಹೇಳಿದ್ದೂ ಉಂಟು.

ಮಧ್ಯಾಹ್ನ ಪೂರ್ತಿ ಸ್ಕಾಲರ್‌ಶಿಪ್ ಅರ್ಜಿಗಳಿಗೆ ಹೋಯಿತು. ಮನೆಯಿಂದ ಕೆಲಸ ಮಾಡುತ್ತಿದ್ದ ಆಫೀಸಿನ ಗುಮಾಸ್ತರಿಗೆ ಓಟಿಪಿಯದೇ ತಲೆನೋವು. ಹುಡುಗರು ಆಧಾರ್‌ಗೆ ಯಾವ ನಂಬರ್ ಕೊಟ್ಟಿದ್ದಾರೋ ಅದಕ್ಕೇ ಓಟಿಪಿ ಬರುವುದು. ಆ ಸಿಮ್ಮು ಬೆಂಗಳೂರಿನಲ್ಲಿರುವ ಅಣ್ಣನ ಹತ್ತಿರ. ಅಣ್ಣ ಡ್ಯೂಟಿಯಲ್ಲಿ. ಅವನು ಫೋನ್ ಎತ್ತಿ ನಂಬರ್ ಹೇಳುವಷ್ಟರಲ್ಲಿ ಟೈಮ್ ಮುಗಿದಿರುತ್ತಿತ್ತು.

ಸಂಜೆ ಬಂದದ್ದು ಕ್ಲಾಸಿಗೆ ಬಾರದವರ ಪಟ್ಟಿ. ಅವರಿಗೆಲ್ಲ ಫೋನ್ ಮಾಡಿ ಏನು ತೊಂದರೆ ಅಂತ ವಿಚಾರಿಸಬೇಕಿತ್ತು. ತರಗತಿಯ ಅರ್ಧಕ್ಕಿಂತ ಜಾಸ್ತಿ ಹೆಸರುಗಳಿದ್ದವು. ಆಪ್ ಹಾಕಿಕೊಳ್ಳಲು ಬರದವರು ಇರಬಹುದು, ಹೇಳಿಕೊಟ್ಟರಾಯಿತು ಅಂತ ಶುರು ಮಾಡಿದೆ. ನಾಯಕನಹಟ್ಟಿ ಕಡೆಯ ಒಬ್ಬ ಹುಡುಗಿ ಸಿಕ್ಕಳು. ಹಿಂದೆ ಯಾರೋ ಜೋರಾಗಿ ಮಾತಾಡುತ್ತಿದ್ದರು.

"ಹೊಲದಲ್ಲಿದೀನಿ ಸರ್. ಶೇಂಗಾ ಕೀಳ್ತಿದೀವಿ."

ಚಳ್ಳಕೆರೆ ಸೀಮೆಯಲ್ಲಿ ಅದು ಶೇಂಗಾ ಕೀಳುವ ಕಾಲ. ಕಿತ್ತು ಹಾಕಿದ್ದು ಮಳೆಗೆ ಸಿಕ್ಕರೆ ವರ್ಷದ ದುಡ್ಡು ಹೋದಂತೆ. ಮನೆಮಂದಿಯೆಲ್ಲ ಹೊಲದಲ್ಲಿರಬೇಕು. ಫೋನು ಅಪ್ಪನದು. ಇರುವುದು ದಿನಕ್ಕೆ ಒಂದೂವರೆ ಜಿಬಿ ಪ್ಯಾಕು. ತಮ್ಮ ಎಸ್‌ಎಸ್‌ಎಲ್‌ಸಿ, ಅವನಿಗೂ ಅದೇ ಫೋನು. ಅವಳ ಕೈಗೆ ಬರುವುದು ರಾತ್ರಿ ಊಟವಾದ ಮೇಲೆ. "ಕ್ಲಾಸು ರಾತ್ರಿ ಇಟ್ರೆ ಬರ್ತೀನಿ ಸರ್" ಅಂದಳು. ಆಪಿನ ವಿಷಯ ನಾನು ಎತ್ತಲೇ ಇಲ್ಲ. ಮುಂದೆ ಮಾತಾಡಿದವರ ಕಥೆಯೂ ಹೆಚ್ಚೂಕಡಿಮೆ ಇದೇ. ಒಬ್ಬ ಈರುಳ್ಳಿ ಕೊಯ್ಯುತ್ತಿದ್ದ, ಇನ್ನೊಬ್ಬ ಗಾರೆ ಕೆಲಸಕ್ಕೆ ಹೋಗಿದ್ದ.

ರಾತ್ರಿ ಮೇಡಂ ಅವರಿಗೆ ಫೋನ್ ಮಾಡಿ ಇದನ್ನೆಲ್ಲ ಹೇಳಿದೆ. ಲೈವ್ ವಿಡಿಯೋ ಒಂದು ಗಂಟೆಗೆ ನೂರಾರು ಎಂಬಿ ನುಂಗುತ್ತದೆ, ವಾಟ್ಸಾಪಿನಲ್ಲಿ ಹದಿನೈದು ನಿಮಿಷ ಮಾತಾಡಿ ಕಳಿಸಿದರೆ ಎರಡು ಮೂರು ಎಂಬಿ ಅಷ್ಟೇ ಅಂದೆ.

"ಹಾಗಾದ್ರೆ ರೇಡಿಯೋದವರ ಥರ ಹೇಳ್ತೀನಿ ಬಿಡು" ಅಂದರು.

ಮರುದಿನ ಪದ್ಯವನ್ನು ರಾಗವಾಗಿ ಓದಿ, ಅರ್ಥ ಹೇಳಿ, ಕೊನೆಗೆ ಒಂದು ಪ್ರಶ್ನೆ ಕೇಳಿ ಕಳಿಸಿದರು. ಉತ್ತರ ಕಳಿಸಿದವರಿಗೆ ಹಾಜರಿ. ಇದೂ ಒಂದು ಕ್ಲಾಸಾ ಅಂತ ಸ್ಟಾಫ್ ಗ್ರೂಪಿನಲ್ಲಿ ಗೊಣಗಾಟ ಎದ್ದಿತು. ಹತ್ತು ಗಂಟೆಗೆ ಲಿಂಕ್ ಕಳಿಸಿ, ಸ್ಕ್ರೀನ್‌ಶಾಟ್ ತೆಗೆದು ವರದಿಗೆ ಅಂಟಿಸುವುದು ಕ್ಲಾಸು ಅನ್ನುವುದಾದರೆ ಇದು ಖಂಡಿತ ಅಲ್ಲ. ಉತ್ತರಗಳು ರಾತ್ರಿ ಹತ್ತರ ಮೇಲೆ ಬರತೊಡಗಿದವು. ನಾಯಕನಹಟ್ಟಿಯ ಹುಡುಗಿ ಉತ್ತರದ ಕೆಳಗೆ ಇನ್ನೊಂದು ಸಾಲು ಸೇರಿಸಿದ್ದಳು: "ಕಾಯಿ ಬಿಡಿಸ್ತಾ ಅಮ್ಮನೂ ಕೇಳಿದ್ರು ಮೇಡಂ. ಮುಂದೆ ಏನಾಯ್ತು ಅಂತ ಕೇಳ್ತಿದಾರೆ."

ಎಲ್ಲರಿಗೂ ಇದು ಒಗ್ಗಲಿಲ್ಲ. ಬ್ಯಾಲೆನ್ಸ್ ಶೀಟನ್ನು ಬಾಯಲ್ಲಿ ಹೇಳಲು ಆಗುತ್ತದೆಯೇ? ಕಾಮರ್ಸ್ ಮೇಷ್ಟ್ರು ನೋಟ್‌ಬುಕ್ಕಿನ ಹಾಳೆಗಳ ಫೋಟೋ ಕಳಿಸಿ ನೋಡಿದರು. ಚಿಕ್ಕ ಸ್ಕ್ರೀನಿನಲ್ಲಿ ಅಂಕಿಗಳು ಇರುವೆ ಸಾಲಿನಂತೆ ಕಾಣುತ್ತಿದ್ದವು. ದೊಡ್ಡದು ಮಾಡಿದರೆ ಎಡಗಡೆ ಕಂಡಾಗ ಬಲಗಡೆ ಕಾಣದು. ಅದಕ್ಕೆ ನನ್ನ ಹತ್ತಿರವೂ ಉಪಾಯ ಇರಲಿಲ್ಲ. ನವೆಂಬರ್ 17ಕ್ಕೆ ಕಾಲೇಜು ಬಾಗಿಲು ತೆರೆಯಿತು. ಕೋವಿಡ್ ನೆಗೆಟಿವ್ ರಿಪೋರ್ಟ್ ತಂದವರಿಗೆ ಮಾತ್ರ ಪ್ರವೇಶ. ಮೊದಲ ದಿನ ಬಂದವರು ಬೆರಳೆಣಿಕೆಯಷ್ಟು. ಕಾಮರ್ಸ್ ಮೇಷ್ಟ್ರು ಮಾತ್ರ ಹೊಸ ಸೀಮೆಸುಣ್ಣದ ಡಬ್ಬಿ ಹಿಡಿದು ಒಳಗೆ ಹೋದವರು ಮುಂದಿನ ಪೀರಿಯಡ್ಡನ್ನೂ ತಾವೇ ಕೇಳಿ ಇಸಿದುಕೊಂಡರು.