ಮೊದಲ ಸಲ ‘ಸೆವೆನ್ ಸಮುರಾಯ್’: ಮೂರೂವರೆ ಗಂಟೆಯ ಒಂದು ಮಧ್ಯಾಹ್ನ

ಹೆಸರಾಂತ ಹಳೆಯ ಸಿನಿಮಾವೊಂದನ್ನು ಮೊದಲ ಸಲ ನೋಡಿ ಎದ್ದವರ ಬಾಯಲ್ಲಿ ಎಷ್ಟೋ ಸಲ ಬರುವ ಮಾತು ‘ಇಷ್ಟೇನಾ?’. ಅದರ ಬೆನ್ನಿಗೇ ಒಂದು ಅಳುಕು. ಊರೆಲ್ಲ ಹೊಗಳಿದ್ದು ನನಗೆ ಹಿಡಿಸಲಿಲ್ಲ ಅಂದರೆ ಕೊರತೆ ನನ್ನಲ್ಲೇ ಇರಬೇಕು ಅಂತ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಅನ್ನುವ ಗಾದೆಗೆ ಹೆದರಿ ಸುಮ್ಮನಾಗುತ್ತಾರೆ. ಆದರೆ ಹಳೆಯ ಸಿನಿಮಾದ ಮಟ್ಟಿಗೆ ನೆಲ ನಿಜವಾಗಿಯೂ ಡೊಂಕಾಗಿರುವುದೇ ಹೆಚ್ಚು. ಟಿವಿಯ ಸೆಟ್ಟಿಂಗು, ತಾಳ ತಪ್ಪಿದ ಸಬ್‌ಟೈಟಲು, ಕೂತ ಹೊತ್ತು, ತಲೆಯಲ್ಲಿ ಹೊತ್ತು ತಂದ ನಿರೀಕ್ಷೆ, ಇವೆಲ್ಲ ಸೇರಿ ಹುಟ್ಟಿಸಿದ ಬೇಸರವನ್ನು ನಾವು ಸಿನಿಮಾದ ಖಾತೆಗೆ ಬರೆಯುತ್ತೇವೆ.

ಒಂದೇ ಸಿನಿಮಾ, ಒಂದೇ ಮಧ್ಯಾಹ್ನ ಇಟ್ಟುಕೊಂಡು ನೋಡೋಣ. ಜಪಾನಿನ ನಿರ್ದೇಶಕ ಅಕಿರ ಕುರೊಸಾವ 1954ರಲ್ಲಿ ತೆರೆಗೆ ತಂದ ‘ಸೆವೆನ್ ಸಮುರಾಯ್’. ಜಪಾನಿ ಮಾತು, ಕಪ್ಪುಬಿಳುಪು, ಚೌಕಕ್ಕೆ ಹತ್ತಿರದ ಚಿತ್ರ, ಮೋನೊ (ಒಂದೇ ವಾಹಿನಿಯ) ಧ್ವನಿ, 207 ನಿಮಿಷ. ಹೊಸಬರನ್ನು ಹೆದರಿಸುವ ಲಕ್ಷಣಗಳೆಲ್ಲ ಒಂದೇ ಕಡೆ ಸಿಗುತ್ತವೆ. ಕಥೆ ಮಾತ್ರ ಸರಳ: ಬೆಳೆ ಕೊಯ್ಲಿಗೆ ಬಂದಾಗ ದೋಚಲು ಬರುವ ಡಕಾಯಿತರನ್ನು ಎದುರಿಸಲು ಒಂದು ಹಳ್ಳಿಯ ಬಡರೈತರು ಬರೀ ಅನ್ನದ ಕೂಲಿಗೆ ಏಳು ಸಮುರಾಯಿಗಳನ್ನು, ಅಂದರೆ ಕತ್ತಿ ಹಿಡಿದ ಯೋಧರನ್ನು, ಗೊತ್ತುಮಾಡಿಕೊಳ್ಳುತ್ತಾರೆ.

ಶುರು ಮಾಡುವ ಹೊತ್ತು ಮಧ್ಯಾಹ್ನ ಎರಡೂವರೆ ಆದರೆ ಒಳ್ಳೆಯದು. ರಾತ್ರಿ ಒಂಬತ್ತೂವರೆಗೆ ಹಾಕಿದರೆ ಮುಗಿಯುವಾಗ ಒಂದು ಗಂಟೆ. ಈ ಸಿನಿಮಾದ ಅತ್ಯುತ್ತಮ ಭಾಗ ಕೊನೆಯ ಒಂದು ತಾಸು, ಅದು ಸರಿಯಾಗಿ ತೂಕಡಿಕೆಯ ಹೊತ್ತಿಗೆ ಬರುತ್ತದೆ. ‘ಕ್ಲಾಸಿಕ್ ನೋಡುತ್ತಾ ನಿದ್ದೆ ಬಂತು’ ಅನ್ನುವವರನ್ನು ಮೊದಲು ಕೇಳಬೇಕಾದ್ದು ಎಷ್ಟು ಹೊತ್ತಿಗೆ ಹಾಕಿದ್ದಿರಿ ಅಂತ.

ಅದಕ್ಕೂ ಮೊದಲು ಹತ್ತು ನಿಮಿಷ ಟಿವಿಯ ಮೆನುವಿಗೆ ಮೀಸಲು. ಮೊದಲು ಚಿತ್ರದ ಆಕಾರ. ಈ ಸಿನಿಮಾದ ಅಗಲ-ಎತ್ತರದ ಅನುಪಾತ 1.37, ಇವತ್ತಿನ ಟಿವಿಯದು 1.78. ಸರಿಯಾಗಿ ಬಂದರೆ ಚಿತ್ರ ಪರದೆಯ ಅಗಲದಲ್ಲಿ ಸುಮಾರು 77 ಪ್ರತಿಶತವನ್ನು ಮಾತ್ರ ತುಂಬುತ್ತದೆ, ಎರಡೂ ಬದಿಗೆ ಕಪ್ಪು ಪಟ್ಟಿ ನಿಲ್ಲುತ್ತದೆ. ಪಟ್ಟಿ ಕಂಡೊಡನೆ ಏನೋ ಕಳೆದುಕೊಂಡ ಹಾಗನಿಸಿ ‘ಝೂಮ್’ ಒತ್ತುವವರಿದ್ದಾರೆ. ಒತ್ತಿದರೆ ಮೇಲಿಂದ ಕೆಳಗಿಂದ ಸೇರಿ ಚಿತ್ರದ ಕಾಲುಭಾಗದಷ್ಟು ಹೋಗುತ್ತದೆ. ಇನ್ನು ‘ಸ್ಟ್ರೆಚ್’ ಮಾಡಿದರೆ ಎಲ್ಲರೂ 30 ಪ್ರತಿಶತ ದಪ್ಪ. ಹೊಟ್ಟೆಗಿಲ್ಲದ ರೈತರ ಕಥೆಯಲ್ಲಿ ಗುಂಡುಗುಂಡಗಿನ ಮುಖಗಳು!

ಎರಡನೆಯದು, ಇದ್ದದ್ದರಲ್ಲಿ ದೊಡ್ಡ ಶತ್ರು: ಚಲನೆಯನ್ನು ನುಣುಪು ಮಾಡುವ ಸೌಲಭ್ಯ. ಒಂದು ಕಂಪನಿ ಇದನ್ನು ಟ್ರೂಮೋಷನ್ ಅನ್ನುತ್ತದೆ, ಇನ್ನೊಂದು ಮೋಷನ್‌ಫ್ಲೋ, ಮತ್ತೊಂದು ಆಟೋ ಮೋಷನ್ ಪ್ಲಸ್. ಸಿನಿಮಾ ಸೆಕೆಂಡಿಗೆ 24 ಚಿತ್ರಗಳದ್ದು. ಟಿವಿ ಅವುಗಳ ನಡುವೆ ತಾನೇ ಊಹಿಸಿ ಹೊಸ ಚಿತ್ರಗಳನ್ನು ತುರುಕುತ್ತದೆ. ಆಗ ಕಾಡಿನಲ್ಲಿ ಓಡುವ ಕುದುರೆ ಧಾರಾವಾಹಿಯ ಸೆಟ್ಟಿನಲ್ಲಿ ಓಡಿದ ಹಾಗೆ ಕಾಣುತ್ತದೆ. ‘ಏನೋ ಅಗ್ಗ ಅನಿಸಿತು, ನಾಟಕದ ಹಾಗಿತ್ತು’ ಅನ್ನುವ ದೂರಿನ ದೊಡ್ಡ ಪಾಲು ಇಲ್ಲಿಂದಲೇ ಹುಟ್ಟುವುದು. ಪೂರ್ತಿ ಆಫ್ ಮಾಡಿ. ಜೊತೆಗೆ ‘ನಾಯ್ಸ್ ರಿಡಕ್ಷನ್’ ಕೂಡ. ಅದು ಫಿಲ್ಮಿನ ಕಾಳನ್ನು (ಗ್ರೇನ್, ಅಂದರೆ ಫಿಲ್ಮಿನಲ್ಲಿ ಸಹಜವಾಗಿ ಕಾಣುವ ನವಿರು ಚುಕ್ಕೆಗಳನ್ನು) ಕಸ ಅಂದುಕೊಂಡು ಒರೆಸುತ್ತದೆ, ಒರೆಸುವಾಗ ಚರ್ಮದ ಸುಕ್ಕು, ಹುಲ್ಲಿನ ಎಸಳು, ಮಳೆಯ ಗೆರೆ ಎಲ್ಲ ಹೋಗಿ ಮುಖ ಮೇಣದ್ದಾಗುತ್ತದೆ. ಬಣ್ಣದ ಮೋಡ್ ‘ವಿವಿಡ್’ ಇದ್ದರೆ ಕಪ್ಪುಬಿಳುಪು ಚಿತ್ರ ಆಸ್ಪತ್ರೆಯ ಟ್ಯೂಬ್‌ಲೈಟಿನ ಹಾಗೆ ನೀಲಿಗಟ್ಟುತ್ತದೆ, ‘ವಾರ್ಮ್’ ಇಡಬೇಕು. 2020ರಿಂದೀಚಿನ ಹಲವು ಟಿವಿಗಳಲ್ಲಿ ‘ಫಿಲ್ಮ್‌ಮೇಕರ್ ಮೋಡ್’ ಅಂತ ಒಂದಿದೆ, ಅದನ್ನು ಒತ್ತಿದರೆ ಇದಿಷ್ಟೂ ಒಟ್ಟಿಗೇ ಆಗುತ್ತದೆ. ಸೌಂಡ್‌ಬಾರ್ ಇದ್ದರೆ ಕೃತಕ ಸರೌಂಡ್ ನಿಲ್ಲಿಸಿ. ಮೋನೊ ಧ್ವನಿಯನ್ನು ನಾಲ್ಕು ಮೂಲೆಗೆ ಎರಚಿದರೆ ಮಾತು ಬಾವಿಯೊಳಗಿಂದ ಬಂದ ಹಾಗಿರುತ್ತದೆ.

ಮೂರನೆಯದು ಸಬ್‌ಟೈಟಲು. ನಿಮ್ಮಲ್ಲಿರುವ ಸಿನಿಮಾದ ಕಡತಕ್ಕೆ (ಫೈಲ್) ಬೇರೆ ಕಡೆಯಿಂದ ತಂದು ಸೇರಿಸಿದ್ದಾದರೆ ಎರಡು ಬಗೆಯ ತಪ್ಪು ಬರಬಹುದು, ಎರಡಕ್ಕೂ ಮದ್ದು ಬೇರೆ. ಮೊದಲಿಂದ ಕೊನೆಯವರೆಗೂ ಒಂದೇ ಅಂತರ, ಅಂದರೆ ಎರಡು ಸೆಕೆಂಡು ಮುಂದೆ ಅಂದರೆ ಎಲ್ಲ ಕಡೆಯೂ ಎರಡೇ ಸೆಕೆಂಡು ಇದ್ದರೆ ಸುಲಭ. ಕಂಪ್ಯೂಟರಿನಲ್ಲಿ ವಿಡಿಯೊ ನೋಡುವ ವಿಎಲ್‌ಸಿ ತಂತ್ರಾಂಶದಲ್ಲಿ ಜಿ ಮತ್ತು ಎಚ್ ಕೀಲಿಗಳು ಒತ್ತಿಗೆ 50 ಮಿಲಿಸೆಕೆಂಡಿನಂತೆ ಹಿಂದೆಮುಂದೆ ಸರಿಸುತ್ತವೆ. ಆದರೆ ಆರಂಭದಲ್ಲಿ ಸರಿಯಿದ್ದು ಬರಬರುತ್ತಾ ಜಾರಿದರೆ ಅದು ವೇಗದ ತಕರಾರು. ಸೆಕೆಂಡಿಗೆ 25 ಚಿತ್ರದ ಪ್ರತಿಗೆ ಬರೆದ ಸಬ್‌ಟೈಟಲನ್ನು 24ರದ್ದಕ್ಕೆ ಹಾಕಿದರೆ ಒಂದು ಗಂಟೆಗೆ ಎರಡು ನಿಮಿಷಕ್ಕೂ ಹೆಚ್ಚು ಜಾರುತ್ತದೆ. 23.976 ಮತ್ತು 24ರ ನಡುವಿನ ವ್ಯತ್ಯಾಸ ಇನ್ನೂ ಕಳ್ಳ. ಗಂಟೆಗೆ 3.6 ಸೆಕೆಂಡು ಮಾತ್ರ, ಅರ್ಧ ಗಂಟೆ ಗೊತ್ತೇ ಆಗುವುದಿಲ್ಲ. 207 ನಿಮಿಷದ ಕೊನೆಗೆ 12 ಸೆಕೆಂಡು. ಅಷ್ಟು ಹೊತ್ತಿಗೆ ಸತ್ತವನ ಬಾಯಲ್ಲಿ ಮಾತು, ಕೂಗುವವನ ಬಾಯಿ ಖಾಲಿ. ಇದನ್ನು ಸರಿಸಿ ಪ್ರಯೋಜನವಿಲ್ಲ, ಅದೇ ವೇಗದ ಬೇರೆ ಸಬ್‌ಟೈಟಲ್ ಬೇಕು. ಆದ್ದರಿಂದ ಕೂರುವ ಮೊದಲು ಐದನೇ ನಿಮಿಷದಲ್ಲೊಂದು, 180ನೇ ನಿಮಿಷದಲ್ಲೊಂದು ಮಾತು ಪರೀಕ್ಷಿಸಿ. 180ರಲ್ಲಿ ಧ್ವನಿ ಕೇಳಿ ಸಾಕು, ಚಿತ್ರ ನೋಡಬೇಡಿ.

ಪ್ರತಿಯ ಉದ್ದವನ್ನೂ ಗಮನಿಸಿ. 199 ನಿಮಿಷ ಅಂತಿದ್ದರೆ ಏನೂ ಕತ್ತರಿಸಿರಲಿಕ್ಕಿಲ್ಲ, 25ರ ವೇಗಕ್ಕೆ ಓಡಿಸಿದ್ದಿರಬಹುದು. 160ರ ಆಸುಪಾಸು ಇದ್ದರೆ ಅದು ಹಿಂದೆ ಹೊರದೇಶಗಳಿಗೆ ಕತ್ತರಿಸಿ ಕಳಿಸಿದ ಬಗೆಯದು, ಮುಟ್ಟಬೇಡಿ.

ಇಷ್ಟಾದ ಮೇಲೆ ಪ್ಲೇ. ಮೊದಲ ಮೂರು ನಿಮಿಷ ಬರೀ ಹೆಸರುಗಳು. ಆಗಿನ ರೂಢಿಯೇ ಹಾಗೆ, ಹೆಸರೆಲ್ಲ ಮೊದಲೇ. ಹಿಂದೆ ಬಡಿಯುವ ನಗಾರಿಯನ್ನು ಕೇಳಿಸಿಕೊಂಡರೆ ಆ ಹೊತ್ತು ದಂಡವಲ್ಲ. ಆಮೇಲಿನ ಅರ್ಧ ಗಂಟೆಯಲ್ಲಿ ಬರುವ ಪ್ರತಿಕ್ರಿಯೆ ‘ಯಾಕಿಷ್ಟು ಕಿರುಚುತ್ತಾರೆ?’. ರೈತರು ಗೋಳಾಡುತ್ತಾರೆ, ಒಬ್ಬನ ಮಾತಿನ ಮೇಲೆ ಇನ್ನೊಬ್ಬ ಬೀಳುತ್ತಾನೆ. ನಟ ತೊಶಿರೊ ಮಿಫುನೆಯ ಪಾತ್ರ ಕಿಕುಚಿಯೊ ಬಂದ ಮೇಲಂತೂ ಇದು ಅತಿಯಾಯಿತು ಅನಿಸುವುದು ಸಹಜ. ಆ ಅತಿ ನಟನದ್ದಲ್ಲ, ಪಾತ್ರದ್ದು. ತಾನಲ್ಲದ್ದನ್ನು ತಾನೆಂದು ತೋರಿಸಿಕೊಳ್ಳಲು ಹೆಣಗುವ ಮನುಷ್ಯ ಅವನು. ಯಾಕೆ ಅನ್ನುವುದು ನಡುವೆ ಒಂದು ಕಡೆ ಸ್ಫೋಟಿಸಿ ಹೊರಬರುತ್ತದೆ. ಅಲ್ಲಿಯವರೆಗೆ ತೀರ್ಪು ತಡೆಹಿಡಿಯಿರಿ.

ಇನ್ನೊಂದು ನಗು ದೃಶ್ಯ ಬದಲಾಗುವಾಗ ಬರುತ್ತದೆ. ಕುರೊಸಾವ ಒಂದು ದೃಶ್ಯದಿಂದ ಇನ್ನೊಂದಕ್ಕೆ ಹೋಗಲು ‘ವೈಪ್’ ಬಳಸುತ್ತಾನೆ, ಒಂದು ಗೆರೆ ಪರದೆಯನ್ನು ಒರೆಸಿಕೊಂಡು ಹೋಗುತ್ತದೆ. ಆಫೀಸಿನ ಸ್ಲೈಡುಗಳಲ್ಲಿ ಅದನ್ನೇ ನೋಡಿ ಸವೆದ ಕಣ್ಣಿಗೆ ಅದು ಹಾಸ್ಯ. ಐದಾರು ಸಲ ಆದ ಮೇಲೆ ಅದರ ಕೆಲಸ ಹೊಳೆಯುತ್ತದೆ: ಹೊತ್ತು ಹೋಯಿತು, ಇವರು ಹುಡುಕುತ್ತಲೇ ಇದ್ದಾರೆ, ಮತ್ತೆ ಯಾರೂ ಸಿಗಲಿಲ್ಲ. ಮೂರು ಮಾತಿನಲ್ಲಿ ಹೇಳುವುದು ಒಂದು ಗೆರೆಯಲ್ಲಿ ಮುಗಿಯುತ್ತದೆ.

ಆಮೇಲಿನದು ನಿಜಕ್ಕೂ ಕಷ್ಟದ ಪ್ರತಿಕ್ರಿಯೆ. ‘ಇದನ್ನೆಲ್ಲ ಎಲ್ಲೋ ನೋಡಿದ್ದೀನಿ.’ ನೋಡಿಯೇ ಇರುತ್ತೀರಿ. ದೊಡ್ಡ ಕೆಲಸಕ್ಕಾಗಿ ಒಬ್ಬೊಬ್ಬರನ್ನೇ ಹುಡುಕಿ ತಂಡ ಕಟ್ಟುವುದು, ಪ್ರತಿಯೊಬ್ಬನ ಪರಿಚಯಕ್ಕೆ ಒಂದು ಪುಟ್ಟ ಪ್ರಸಂಗ, ಒಬ್ಬ ಮಾತಿಲ್ಲದ ಕುಶಲಿ, ಒಬ್ಬ ಎಳಸು ಹುಡುಗ. 1960ರಲ್ಲಿ ಹಾಲಿವುಡ್ ಇದನ್ನೇ ಕೌಬಾಯ್ ಕಥೆಯಾಗಿ ಮತ್ತೆ ತೆಗೆಯಿತು, ಅಲ್ಲಿಂದ ಕವಲೊಡೆದದ್ದಕ್ಕೆ ಲೆಕ್ಕವಿಲ್ಲ. ಮೊಮ್ಮಕ್ಕಳನ್ನು ಮೊದಲು ಕಂಡು ಆಮೇಲೆ ಅಜ್ಜನನ್ನು ಕಂಡರೆ ಅಜ್ಜನೇ ಇವರನ್ನು ಹೋಲುತ್ತಾನೆ ಅನಿಸುತ್ತದಲ್ಲ, ಅದೇ ಫಜೀತಿ. ಇದಕ್ಕೆ ಸೆಟ್ಟಿಂಗಿನಲ್ಲಿ ಮದ್ದಿಲ್ಲ. ನಕಲುಗಳು ಬಿಟ್ಟುಹೋದದ್ದೇನು ಅಂತ ಹುಡುಕುವುದೊಂದೇ ದಾರಿ, ಅದು ಮೊದಲ ಗಂಟೆಯಲ್ಲೇ ಸಿಗುತ್ತದೆ.

ಹಿರಿಯ ಸಮುರಾಯಿ ಕಾಂಬೆಯ ಪರಿಚಯದ ಪ್ರಸಂಗ ನೋಡಿ. ಕಳ್ಳನೊಬ್ಬ ಮಗುವನ್ನು ಒತ್ತೆ ಇಟ್ಟುಕೊಂಡು ಗುಡಿಸಲು ಹೊಕ್ಕಿದ್ದಾನೆ. ಕಾಂಬೆ ಹೊಳೆಯ ದಂಡೆಯಲ್ಲಿ ಕೂತು ತಲೆ ಬೋಳಿಸಿಕೊಳ್ಳುತ್ತಾನೆ, ಸನ್ಯಾಸಿಯ ಬಟ್ಟೆ ತೊಡುತ್ತಾನೆ. ಸಮುರಾಯಿಗೆ ತಲೆಯ ಜುಟ್ಟು ಅಂದರೆ ಮಾನ. ಸುತ್ತ ನಿಂತ ಜನರ ಬೆರಗಿಗೆ ಅದೇ ಕಾರಣ. ಅನ್ನದ ಎರಡು ಉಂಡೆ ಹಿಡಿದು ಬಾಗಿಲಿಗೆ ಹೋಗುತ್ತಾನೆ, ಒಳಗೆ ಎಸೆಯುತ್ತಾನೆ, ನುಗ್ಗುತ್ತಾನೆ. ಒಳಗೆ ಏನಾಯಿತು ಅಂತ ಕ್ಯಾಮೆರಾ ತೋರಿಸುವುದೇ ಇಲ್ಲ. ಕಳ್ಳ ಹೊರಗೆ ಬರುತ್ತಾನೆ, ನಿಧಾನಗತಿಯಲ್ಲಿ, ತುದಿಗಾಲಲ್ಲಿ ನಿಂತು, ಬೀಳುತ್ತಾನೆ. ನೋಡುತ್ತಿರುವ ಜನ ಮಾತ್ರ ಮಾಮೂಲಿ ವೇಗದಲ್ಲಿ. ಹೊಡೆದಾಟದ ನಡುವೆ ನಿಧಾನಗತಿ ಈಗ ಸಾಸಿವೆ ಒಗ್ಗರಣೆಯಷ್ಟು ಸಾಮಾನ್ಯ, ಆದರೆ ಅಲ್ಲೆಲ್ಲ ನಿಧಾನವಾಗುವುದು ಹೊಡೆಯುವವನ ಠೀವಿ. ಇಲ್ಲಿ ನಿಧಾನವಾಗಿರುವುದು ಸಾವು.

ಏಳು ಜನರ ಮುಖ ಗುರುತಾಗದೆ ಒದ್ದಾಡುವವರೂ ಉಂಟು. ಹೆಸರು ಬಿಟ್ಟು ಚರ್ಯೆ ಹಿಡಿಯಿರಿ. ಬೋಳುತಲೆ ಸವರಿಕೊಳ್ಳುವವನು ಕಾಂಬೆ. ಬಾಗಿಲ ಹಿಂದೆ ದೊಣ್ಣೆ ಹಿಡಿದು ಅಡಗಿದ್ದವನನ್ನು ಒಳಗೆ ಕಾಲಿಡುವ ಮೊದಲೇ ಪತ್ತೆ ಹಚ್ಚಿ ನಗುವವನು ಗೊರೊಬೆ. ಕಟ್ಟಿಗೆ ಸೀಳುತ್ತಾ ಸಿಕ್ಕವನು ಹೈಹಾಚಿ. ಮಾತಾಡದವನು ಕ್ಯೂಜೊ. ಆಳುದ್ದದ ಕತ್ತಿ ಹೆಗಲಿಗೇರಿಸಿಕೊಂಡವನು ಕಿಕುಚಿಯೊ. ಹುಡುಗ ಕತ್ಸುಶಿರೊ. ಉಳಿದವನು ಕಾಂಬೆಯ ಹಳೆಯ ಜೊತೆಗಾರ ಶಿಚಿರೊಜಿ. ಆಮೇಲೆ ಹೈಹಾಚಿ ಬರೆಯುವ ಬಾವುಟ ಬರುತ್ತದೆ: ಆರು ದುಂಡು ಗುರುತು, ಒಂದು ತ್ರಿಕೋನ, ಕೆಳಗೆ ರೈತರನ್ನು ಸೂಚಿಸುವ ಒಂದು ಅಕ್ಷರ. ತ್ರಿಕೋನ ಯಾರು ಅಂತ ಕೇಳಬೇಕಾಗಿಲ್ಲ.

ಸುಮಾರು ಒಂದೂಕಾಲು ಗಂಟೆಯಿಂದ ಮಧ್ಯಂತರದವರೆಗಿನದು ಅಪಾಯದ ವಲಯ. ಫೋನಿಗೆ ಕೈ ಹೋಗುವುದು ಇಲ್ಲೇ. ಕಾಂಬೆ ನಕ್ಷೆ ಹಿಡಿದು ಹಳ್ಳಿ ಸುತ್ತುತ್ತಾನೆ. ಇಲ್ಲಿ ಬೇಲಿ, ಇಲ್ಲಿ ಗದ್ದೆಗೆ ನೀರು ಬಿಡುವುದು, ಈ ಸೇತುವೆ ಕೀಳುವುದು, ಕಾಡಿನ ದಾರಿಯನ್ನು ಮಾತ್ರ ಬೇಕೆಂದೇ ತೆರೆದಿಡುವುದು. ಏನೂ ನಡೆಯುತ್ತಿಲ್ಲ ಅನಿಸುತ್ತದೆ. ಈ ಅರ್ಧ ಗಂಟೆಯನ್ನು ಅರೆಗಣ್ಣಿನಲ್ಲಿ ನೋಡಿದವರೇ ಕೊನೆಯಲ್ಲಿ ‘ಯಾರು ಎಲ್ಲಿಂದ ಬಂದರೋ ತಿಳಿಯಲಿಲ್ಲ’ ಅನ್ನುವುದು. ಸಬ್‌ಟೈಟಲ್ ಇರುವ ಸಿನಿಮಾದಲ್ಲಿ ಕಣ್ಣು ತೆಗೆದರೆ ಕಿವಿಯೂ ಹೋದಂತೆ. ಫೋನನ್ನು ಬೇರೆ ಕೋಣೆಯಲ್ಲಿಡುವುದು ಶಿಸ್ತಿನ ಮಾತಲ್ಲ, ಲೆಕ್ಕದ ಮಾತು. ತೀರಾ ತಲೆ ಭಾರವಾದರೆ ಓಡಿಸಬೇಡಿ, ನಿಲ್ಲಿಸಿ ಎದ್ದು ಓಡಾಡಿ ಬನ್ನಿ.

ಒಂದೂಮುಕ್ಕಾಲು ಗಂಟೆಯ ಸುಮಾರಿಗೆ ಪರದೆ ಕಪ್ಪಾಗಿ ಅಕ್ಷರ ಮೂಡುತ್ತದೆ, ಸಂಗೀತ ಮಾತ್ರ ನುಡಿಯುತ್ತಿರುತ್ತದೆ. ಕಡತ ಕೆಟ್ಟಿಲ್ಲ, ಇದು ಮಧ್ಯಂತರ. ಐದಾರು ನಿಮಿಷ. ಹಾರಿಸದೆ, ಅದನ್ನು ಕೇಳುತ್ತಾ ಬೆನ್ನು ನೆಟ್ಟಗೆ ಮಾಡಿಕೊಳ್ಳಿ.

ಎರಡನೆಯ ಅರ್ಧಕ್ಕೆ ಸಲಹೆ ಬೇಕಾಗುವುದಿಲ್ಲ. ಡಕಾಯಿತರ ಲೆಕ್ಕಕ್ಕೆ ಕಾಂಬೆ ಹಾಳೆಯ ಮೇಲೆ ಸೊನ್ನೆಗಳನ್ನು ಬರೆದಿಟ್ಟು ಒಬ್ಬೊಬ್ಬ ಸತ್ತಾಗಲೂ ಒಂದನ್ನು ಹೊಡೆದುಹಾಕುತ್ತಾನೆ. ನೋಡುತ್ತಿರುವವರೂ ತಮಗರಿವಿಲ್ಲದೆ ಎಣಿಸತೊಡಗುತ್ತಾರೆ. ಮಳೆಯ ಕಾಳಗಕ್ಕೆ ಕುರೊಸಾವ ಹಲವು ಕ್ಯಾಮೆರಾಗಳನ್ನು ಒಟ್ಟಿಗೆ ಓಡಿಸಿದ, ದೂರದಿಂದ ಟೆಲಿಫೋಟೊ ಲೆನ್ಸ್ ಹಾಕಿ. ಆ ಲೆನ್ಸು ಹಿಂದುಮುಂದಿನ ಅಂತರವನ್ನು ಅಪ್ಪಚ್ಚಿ ಮಾಡುತ್ತದೆ. ಕುದುರೆ, ಕೆಸರು, ಈಟಿ, ಮನುಷ್ಯ ಎಲ್ಲ ಒಂದೇ ಪದರಕ್ಕೆ ಒತ್ತಿಕೊಂಡು ನಿಲ್ಲುತ್ತವೆ, ಪಕ್ಕಕ್ಕೆ ಸರಿಯಲೂ ಜಾಗವಿಲ್ಲದ ಹಾಗೆ. ಆದರೂ ಗೊಂದಲವಾಗುವುದಿಲ್ಲ, ಸೇತುವೆ ಎಲ್ಲಿ, ಕಾಡು ಎಲ್ಲಿ ಅಂತ ನಿಮಗೆ ಆಗಲೇ ಗೊತ್ತು. ಬೇಸರದ ಆ ಅರ್ಧ ಗಂಟೆಯ ಬಾಕಿ ಇಲ್ಲಿ ಬಡ್ಡಿ ಸಮೇತ ಚುಕ್ತಾ.

ಇಷ್ಟೆಲ್ಲ ಸರಿಯಿದ್ದೂ ಹಿಡಿಸದೇ ಹೋದರೆ? ಹೋಗಲಿ. ಆ ಅಭಿಪ್ರಾಯಕ್ಕೆ ಆಗ ಬೆಲೆಯಿದೆ, ಯಾಕೆಂದರೆ ಅದು ಸಿನಿಮಾದ ಬಗ್ಗೆಯೇ ಇದೆ, ಟಿವಿಯ ಬಗ್ಗೆ ಅಲ್ಲ. ಶ್ರೇಷ್ಠ ಸಿನಿಮಾಗಳ ಪಟ್ಟಿಗಳಿಗೆ ಹೆದರಬೇಕಾಗಿಲ್ಲ. ಬ್ರಿಟನ್ನಿನ ಸಿನಿಮಾ ಪತ್ರಿಕೆ ‘ಸೈಟ್ ಅಂಡ್ ಸೌಂಡ್’ ಎಲ್ಲಕ್ಕಿಂತ ಶ್ರೇಷ್ಠ ಸಿನಿಮಾ ಯಾವುದು ಅಂತ ಹತ್ತು ವರ್ಷಕ್ಕೊಮ್ಮೆ ವಿಮರ್ಶಕರ ಮತ ಕೇಳುತ್ತದೆ. 1952ರಲ್ಲಿ ಮೊದಲ ಸ್ಥಾನ ‘ಬೈಸಿಕಲ್ ಥೀವ್ಸ್’ಗೆ, 1962ರಿಂದ 2002ರವರೆಗೆ ‘ಸಿಟಿಜನ್ ಕೇನ್’ಗೆ, 2012ರಲ್ಲಿ ‘ವರ್ಟಿಗೊ’ಗೆ. 2022ರಲ್ಲಿ ಅಲ್ಲಿ ಕೂತದ್ದು 1975ರ ‘ಜಾನ್ ಡೀಲ್ಮನ್’, ಒಬ್ಬ ಹೆಂಗಸಿನ ಮನೆಗೆಲಸವನ್ನೇ ಮುಖ್ಯವಾಗಿ ತೋರಿಸುವ 201 ನಿಮಿಷ. ಅದ್ಭುತ ಸಿನಿಮಾ, ಆದರೆ ಪಟ್ಟಿಯ ತುದಿಯಿಂದ ಶುರುಮಾಡಿದ ಹೊಸಬನ ಗತಿ ಏನಾಗಬೇಡ! ಮೂರೂವರೆ ಗಂಟೆಯ ಧೈರ್ಯವಿಲ್ಲದಿದ್ದರೆ 89 ನಿಮಿಷದ ‘ಬೈಸಿಕಲ್ ಥೀವ್ಸ್’ ಒಳ್ಳೆಯ ಬಾಗಿಲು.

ಕೊನೆಯದಾಗಿ ಒಂದು ಕೆಲಸ, ಪ್ಲೇ ಒತ್ತುವ ಮೊದಲೇ ಮಾಡಿಟ್ಟುಕೊಳ್ಳಬೇಕಾದ್ದು. ಹೆಸರುಗಳೆಲ್ಲ ಮೊದಲೇ ಬಂದು ಹೋಗಿರುವುದರಿಂದ ಈ ಸಿನಿಮಾ ತಟ್ಟನೆ ಮುಗಿಯುತ್ತದೆ. ಗದ್ದೆಯಲ್ಲಿ ನಾಟಿಯ ಹಾಡು, ಗುಡ್ಡದ ಮೇಲಿನ ಗಾಳಿ, ‘ಮುಗಿಯಿತು’ ಅನ್ನುವ ಒಂದು ಅಕ್ಷರ, ಅಷ್ಟೇ. ಇವತ್ತಿನ ಸಿನಿಮಾದ ಹಾಗೆ ಕಣ್ಣೊರೆಸಿಕೊಳ್ಳಲು ಐದಾರು ನಿಮಿಷದ ಹೆಸರಿನ ಪಟ್ಟಿ ಇರುವುದಿಲ್ಲ. ಸ್ಟ್ರೀಮಿಂಗ್ ಆ್ಯಪಿನಲ್ಲಿ ಆಟೋಪ್ಲೇ ಚಾಲೂ ಇದ್ದರೆ ನಾಲ್ಕೈದು ಸೆಕೆಂಡಿಗೆ ಮತ್ತೊಂದರ ಟ್ರೇಲರ್ ಅಬ್ಬರಿಸಿಕೊಂಡು ಬರುತ್ತದೆ. ಅದನ್ನು ಖಾತೆಯ ಸೆಟ್ಟಿಂಗಿಗೆ ಹೋಗಿ ಮುಂಚೆಯೇ ಆಫ್ ಮಾಡಿಡಿ.