ಇನ್ನೂ ಬಾರದ ಸುದ್ದಿಗೆ ಗ್ರಾಫಿಕ್ಸ್ ಕಟ್ಟುವುದು

ಟಿವಿ ಪರದೆಯ ಮೇಲೆ ಕಾಣುವ ಆಸ್ಟನ್ ಪಟ್ಟಿ (ಮಾತಾಡುವವರ ಹೆಸರು, ಪದನಾಮ ತೋರಿಸುವ ಪಟ್ಟಿ), ಪ್ಲೇಟು (ಬರಹ, ಅಂಕಿಗಳ ಫಲಕ), ಟಿಕ್ಕರ್ (ಕೆಳಗೆ ಓಡುವ ಸುದ್ದಿಸಾಲು), ಸ್ಕೋರ್ ಬಗ್‌ಗಳನ್ನು (ಮೂಲೆಯ ಸ್ಕೋರು ಪೆಟ್ಟಿಗೆ) ವಿನ್ಯಾಸ ಮಾಡಿ ಅವುಗಳಿಗೆ ಚಲನೆ ಕೊಡುವುದು ನನ್ನ ಉದ್ಯೋಗ. ಈ ಕೆಲಸಕ್ಕೆ ಹೊಸದಾಗಿ ಸೇರುವವರು ಬಹುಮಟ್ಟಿಗೆ ಪೋಸ್ಟರ್ ಅಥವಾ ಜಾಹೀರಾತು ಮಾಡಿ ಪಳಗಿದವರಾಗಿರುತ್ತಾರೆ. ಅಲ್ಲಿ ಬರಹ ಮೊದಲೇ ಕೈಯಲ್ಲಿರುತ್ತದೆ, ಅದಕ್ಕೆ ತಕ್ಕಂತೆ ಜಾಗ ಹೊಂದಿಸಿದರಾಯಿತು. ನೇರಪ್ರಸಾರದಲ್ಲಿ ಇದು ತಿರುವುಮುರುವಾಗುತ್ತದೆ. ನಾವು ಜಾಗವನ್ನು ಮಾತ್ರ ಮಾಡಿಡುತ್ತೇವೆ. ಅದರೊಳಗಿನ ಮಾತು ಮುಂದಿನ ವಾರವೋ ಮುಂದಿನ ವರ್ಷವೋ, ನಮಗೆ ಪರಿಚಯವೇ ಇಲ್ಲದ ಡೆಸ್ಕ್ ಸಹೋದ್ಯೋಗಿಯೊಬ್ಬರ ಕೈಯಿಂದ, ಬುಲೆಟಿನ್ ಓಡುತ್ತಿರುವಾಗಲೇ ಬಂದು ಬೀಳುತ್ತದೆ. ಆದ್ದರಿಂದ ಒಂದು ಗ್ರಾಫಿಕ್ ಒಳ್ಳೆಯದೋ ಅಲ್ಲವೋ ಎಂಬುದನ್ನು ನಾನು ಅದರ ಕಷ್ಟದ ಗಳಿಗೆಯಲ್ಲಿಯೇ ಅಳೆಯುತ್ತೇನೆ: ಹೆಸರು ತೀರ ಉದ್ದವಾದಾಗ, ಹಿನ್ನೆಲೆ ತೀರ ಬೆಳ್ಳಗಿದ್ದಾಗ, ಆಪರೇಟರ್‌ಗೆ ಉಸಿರಾಡಲೂ ಪುರುಸೊತ್ತಿಲ್ಲದಿದ್ದಾಗ.

ವಿನ್ಯಾಸಕ್ಕೆ ಒಪ್ಪಿಗೆ ಪಡೆಯುವ ಸಭೆಗಳಲ್ಲಿ ಈ ಗಳಿಗೆ ಎಂದೂ ಕಾಣಿಸಿಕೊಳ್ಳುವುದಿಲ್ಲ. ಮಾದರಿಯಲ್ಲಿ ಎರಡು ಅಕ್ಷರದ ಹೆಸರು, ಅದರ ಕೆಳಗೆ ‘ಲೇಖಕಿ’ ಎಂಬ ಒಂದೇ ಪದ, ಹಿಂದೆ ಹದವಾಗಿ ಮಸುಕಾದ ಸ್ಟುಡಿಯೋ ಇರುತ್ತದೆ, ಎಲ್ಲರೂ ತಲೆದೂಗುತ್ತಾರೆ. ನಾನು ಒಪ್ಪಿಗೆಗೆಂದು ಕಳುಹಿಸುವ ಮೊದಲ ಚೌಕಟ್ಟಿನಲ್ಲಿಯೇ ‘ಪರಿಸರ ವಿಜ್ಞಾನ ಸ್ನಾತಕೋತ್ತರ ಅಧ್ಯಯನ ವಿಭಾಗದ ನಿವೃತ್ತ ಮುಖ್ಯಸ್ಥರು’ ಎಂಬಂತಹ ಪದನಾಮವನ್ನು ಹಾಕುತ್ತೇನೆ. ಇದರಿಂದ ಸಭೆಯ ಚರ್ಚೆಯೇ ಬದಲಾಗುತ್ತದೆ. ಪಟ್ಟಿಯ ಹೊಳಪನ್ನು ಕುರಿತು ಮಾತಾಡುತ್ತಿದ್ದವರು, ಪದನಾಮ ಇಷ್ಟು ಉದ್ದ ಬಂದರೆ ಯಾರು ಕತ್ತರಿಸಬೇಕು, ಎಲ್ಲಿ ಕತ್ತರಿಸಬೇಕು ಎಂದು ಕೇಳತೊಡಗುತ್ತಾರೆ. ಆ ಪ್ರಶ್ನೆ ಪ್ರಸಾರದ ಹೊತ್ತಿನಲ್ಲಿ ಏಳುವ ಬದಲು ಅಂದೇ ಏಳುವುದು ಎಲ್ಲರಿಗೂ ಕ್ಷೇಮ.

ಉದ್ದದ ಬರಹವನ್ನು ಹಿಡಿಸಲು ಬಹುತೇಕ ಗ್ರಾಫಿಕ್ಸ್ ವ್ಯವಸ್ಥೆಗಳಲ್ಲಿ ಒಂದು ಸುಲಭದ ದಾರಿಯಿದೆ: ಗರಿಷ್ಠ ಅಗಲವನ್ನು ನಿಗದಿ ಮಾಡಿದರೆ, ಅದನ್ನು ಮೀರಿದ ಸಾಲನ್ನು ಯಂತ್ರವೇ ಅಡ್ಡಲಾಗಿ ಹಿಂಡಿ ಕೂರಿಸುತ್ತದೆ. ಸ್ವಲ್ಪ ಹಿಂಡಿದರೆ ಯಾರಿಗೂ ತಿಳಿಯುವುದಿಲ್ಲ. ಆದರೆ ಕನ್ನಡದಲ್ಲಿ ದ ಮತ್ತು ಧ, ಪ ಮತ್ತು ಫ, ಡ ಮತ್ತು ಢ ಅಕ್ಷರಗಳ ನಡುವಿನ ವ್ಯತ್ಯಾಸ ಬುಡದಲ್ಲಿರುವ ಒಂದು ಸಣ್ಣ ಸೀಳಿನಲ್ಲಿ ಅಡಗಿದೆ. ಹಿಂಡುತ್ತಾ ಹೋದಂತೆ ಮೊದಲು ಮುಚ್ಚಿಹೋಗುವುದು ಅದೇ ಸೀಳು. ಆದ್ದರಿಂದ ಮೂಲ ಅಗಲದ ಶೇಕಡಾ 85ಕ್ಕಿಂತ ಕೆಳಗೆ ಹಿಂಡಲು ನನ್ನ ಟೆಂಪ್ಲೇಟುಗಳಲ್ಲಿ ಅವಕಾಶವಿರುವುದಿಲ್ಲ. ಅದನ್ನು ಮೀರಿದರೆ ಬರಹದ ಪೆಟ್ಟಿಗೆ ಕೆಂಪಾಗಿ ಡೆಸ್ಕಿನವರನ್ನು ಎಚ್ಚರಿಸಬೇಕು. ಮಾತನ್ನು ಮೊಟಕುಗೊಳಿಸುವುದು ಪತ್ರಕರ್ತರ ಕೆಲಸ, ಅದನ್ನು ಯಂತ್ರಕ್ಕೆ ಬಿಡಬಾರದು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಅಕ್ಷರದ ಎತ್ತರದ ಲೆಕ್ಕ ಇದಕ್ಕಿಂತ ಸೂಕ್ಷ್ಮವಾದದ್ದು. ಹೊರಗಿನಿಂದ ಕೊಂಡು ತಂದ ಸಿದ್ಧ ಪ್ಯಾಕೇಜುಗಳ ಪಟ್ಟಿಗಳು ಸಾಮಾನ್ಯವಾಗಿ ಇಂಗ್ಲಿಷಿನ ದೊಡ್ಡಕ್ಷರಗಳ ಅಳತೆಗೆ ಹೊಲಿದಂಥವು. ಅವುಗಳಲ್ಲಿ ‘ರಾಷ್ಟ್ರೀಯ ವೈಶಿಷ್ಟ್ಯ’ ಎಂದು ಬರೆದು ನೋಡಬೇಕು. ಕೆಳಗೆ ಒತ್ತಕ್ಷರಗಳು ಪಟ್ಟಿಯ ಅಂಚನ್ನು ದಾಟುತ್ತವೆ, ಮೇಲೆ ಗುಡಿಸುಗಳು ತಾರಸಿಗೆ ತಾಗುತ್ತವೆ. ಎರಡು ಸಾಲಿದ್ದರಂತೂ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿನ ಮೇಲೆ ಕೂರುತ್ತದೆ. ಪಟ್ಟಿಯ ಎತ್ತರವನ್ನು ಹೆಚ್ಚಿಸಿದರೆ ಈ ತೊಂದರೆ ಪರಿಹಾರವಾಗುತ್ತದೆ. ಅದರ ಜತೆಗೇ ಇನ್ನೊಂದು ತೊಂದರೆಯಿದೆ, ಅದು ಒಂದೇ ಹೆಸರನ್ನು ಹಾಕಿ ಪರೀಕ್ಷಿಸುವವರ ಕಣ್ಣಿಗೆ ಬೀಳುವುದೇ ಇಲ್ಲ. ಬರಹವನ್ನು ಪಟ್ಟಿಯ ನಡುವೆ ಲಂಬವಾಗಿ ಕೂರಿಸಲು ‘ಸೆಂಟರ್’ ಎಂದು ಆಯ್ದರೆ, ಅನೇಕ ವ್ಯವಸ್ಥೆಗಳು ಆ ಕ್ಷಣದಲ್ಲಿರುವ ಅಕ್ಷರಗಳ ಒಟ್ಟು ಎತ್ತರವನ್ನು ಅಳೆದು ನಡುವನ್ನು ಲೆಕ್ಕ ಹಾಕುತ್ತವೆ. ‘ರಮಾ’ ಎಂದು ಬಂದಾಗ ಹೆಸರು ಒಂದು ಮಟ್ಟದಲ್ಲಿ ನಿಲ್ಲುತ್ತದೆ. ಅದೇ ಪಟ್ಟಿಯಲ್ಲಿ ‘ಕೃಷ್ಣಸ್ವಾಮಿ’ ಎಂದು ಬದಲಾದಾಗ, ಒತ್ತುಗಳು ಕೆಳಗೆ ಇಳಿದಷ್ಟೂ ಇಡೀ ಹೆಸರು ಮೇಲಕ್ಕೆ ನೆಗೆಯುತ್ತದೆ. ಇಬ್ಬರು ಅತಿಥಿಗಳ ಪಟ್ಟಿಗಳು ಅಕ್ಕಪಕ್ಕದಲ್ಲಿದ್ದರೆ ಎರಡು ಹೆಸರುಗಳು ಎರಡು ಮಟ್ಟದಲ್ಲಿ ಕಾಣುತ್ತವೆ. ಲಂಬದ ಸೆಂಟರನ್ನು ತೆಗೆದುಹಾಕಿ, ಅಕ್ಷರಗಳು ನಿಲ್ಲುವ ಬುಡದ ಗೆರೆಯನ್ನು ಸ್ಥಿರವಾಗಿ ಕಟ್ಟಿಹಾಕುವುದೊಂದೇ ಇದಕ್ಕೆ ಮದ್ದು.

ಚಲನೆಯಲ್ಲಿಯೂ ಲಿಪಿ ತನ್ನ ನಿಯಮವನ್ನು ಹೇಳುತ್ತದೆ. ಅಕ್ಷರಗಳು ಒಂದೊಂದಾಗಿ ಹಾರಿ ಬಂದು ಕೂಡಿಕೊಳ್ಳುವ ಸಿದ್ಧ ಅನಿಮೇಷನ್‌ಗಳು ಹಲವು ಸಾಫ್ಟ್‌ವೇರ್‌ಗಳಲ್ಲಿ ಯೂನಿಕೋಡ್ ಸಂಕೇತಗಳನ್ನು ಬಿಡಿಬಿಡಿಯಾಗಿ ಎಣಿಸುತ್ತವೆ. ಹಾಗಾಗಿ ‘ಷ್ಟ್ರೀ’ ಎಂಬ ಒಂದು ಅಕ್ಷರ ಆರು ತುಂಡುಗಳಾಗಿ, ಅರ್ಧಾಕ್ಷರದ ಗುರುತುಗಳ ಸಮೇತ, ಚೆದುರಿ ಬರುತ್ತದೆ. ಇದನ್ನು ಸರಿಪಡಿಸುವ ಹಟಕ್ಕೆ ನಾನು ಬೀಳುವುದಿಲ್ಲ. ಪದಪದವಾಗಿ ತರುತ್ತೇನೆ, ಇಲ್ಲವೇ ಇಡೀ ಸಾಲನ್ನು ಮುಸುಕಿನ ಹಿಂದಿನಿಂದ ಎಳೆದು ತೋರಿಸುತ್ತೇನೆ. ದೊಡ್ಡಕ್ಷರ, ಸಣ್ಣಕ್ಷರ ಎಂಬ ಭೇದವೂ ನಮ್ಮಲ್ಲಿಲ್ಲವಾದ್ದರಿಂದ ಹೆಸರು ಮತ್ತು ಪದನಾಮದ ನಡುವಿನ ಅಂತಸ್ತನ್ನು ಗಾತ್ರ, ದಪ್ಪ ಮತ್ತು ಬಣ್ಣಗಳಿಂದಲೇ ತರಬೇಕಾಗುತ್ತದೆ. ಒಂದೇ ದಪ್ಪವುಳ್ಳ ಫಾಂಟನ್ನು ಆರಿಸಿಕೊಂಡವರಿಗೆ ಈ ಕಷ್ಟ ಎರಡನೆಯ ದಿನವೇ ಎದುರಾಗುತ್ತದೆ.

ಸಮಯದ ವಿಷಯಕ್ಕೆ ಬಂದರೆ, ಚಲನೆಯ ಸೊಗಸು ಓದುವ ಹೊತ್ತನ್ನು ನುಂಗುತ್ತದೆ ಎಂಬ ಸರಳ ಲೆಕ್ಕವನ್ನು ಎಷ್ಟು ಸಲ ಹೇಳಿದರೂ ಕಡಿಮೆಯೇ. ಸೆಕೆಂಡಿಗೆ 25 ಫ್ರೇಮುಗಳ ಪ್ರಸಾರದಲ್ಲಿ ಆರು ಸೆಕೆಂಡಿನ ಒಂದು ಬೈಟ್ (ಒಬ್ಬರ ಮಾತಿನ ತುಣುಕು) ಎಂದರೆ 150 ಫ್ರೇಮುಗಳು. ಪಟ್ಟಿ ಬಿಚ್ಚಿಕೊಳ್ಳಲು 25, ಹೆಸರು ಸಾವಕಾಶವಾಗಿ ಮೂಡಲು ಮತ್ತೆ 15, ಮಡಚಿಕೊಂಡು ಹೋಗಲು 20 ಫ್ರೇಮುಗಳನ್ನು ಕೊಟ್ಟರೆ ಓದಲು ಉಳಿಯುವುದು 90, ಅಂದರೆ 3.6 ಸೆಕೆಂಡು. ಮುಖ ತೆರೆಯ ಮೇಲೆ ಬಂದ ಮೇಲೆ ಆಪರೇಟರ್ ಗುಂಡಿ ಒತ್ತಲು ತೆಗೆದುಕೊಳ್ಳುವ ಹೊತ್ತು ಇದರಲ್ಲಿ ಸೇರಿಲ್ಲ. ಒಳಬರಲು 12, ಹೊರಹೋಗಲು 8 ಫ್ರೇಮುಗಳನ್ನಷ್ಟೇ ಇಟ್ಟು, ಹೆಸರೂ ಪಟ್ಟಿಯೊಂದಿಗೇ ಮೂಡುವಂತೆ ಮಾಡಿದರೆ 5.2 ಸೆಕೆಂಡು ಸಿಗುತ್ತದೆ. ನೋಡುಗರು ಮೊದಲು ಮುಖವನ್ನು ನೋಡುತ್ತಾರೆ, ಆಮೇಲೆ ಹೆಸರನ್ನು. ಆ ಎರಡನೆಯ ನೋಟಕ್ಕೆ ಕಾಲವಿರಬೇಕು. ಹೆಸರು ಮತ್ತು ಪದನಾಮವನ್ನು ಗಟ್ಟಿಯಾಗಿ ಎರಡು ಸಲ ಓದಿ ಮುಗಿಸುವಷ್ಟು ಹೊತ್ತು ಪಟ್ಟಿ ನಿಂತಿರಬೇಕು ಎಂಬ ಹಳೆಯ ರೂಢಿಗಿಂತ ಒಳ್ಳೆಯ ಅಳತೆಗೋಲನ್ನು ನಾನು ಕಂಡಿಲ್ಲ.

ಬಂದು ಹೋಗುವ ಗ್ರಾಫಿಕ್ಸ್‌ಗೂ ಸದಾ ಕೂತಿರುವ ಗ್ರಾಫಿಕ್ಸ್‌ಗೂ ಒಂದೇ ಮನೋಧರ್ಮ ಹೊಂದುವುದಿಲ್ಲ. ಪಂದ್ಯದ ಸ್ಕೋರು ಮತ್ತು ಗಡಿಯಾರವನ್ನು ಪರದೆಯ ಮೂಲೆಯಲ್ಲಿ ಸದಾ ತೋರಿಸುವ ಪದ್ಧತಿಯನ್ನು 1992ರಲ್ಲಿ ಸ್ಕೈ ಸ್ಪೋರ್ಟ್ಸ್ ಇಂಗ್ಲಿಷ್ ಪ್ರೀಮಿಯರ್ ಲೀಗ್ ಫುಟ್‌ಬಾಲ್ ಪ್ರಸಾರಕ್ಕೆ ತಂದಿತು. 2001ರ ಸೆಪ್ಟೆಂಬರ್ 11ರಂದು ಅಮೆರಿಕದ ಸುದ್ದಿವಾಹಿನಿಗಳು ಒಂದೇ ಬಾರಿಗೆ ಹೇಳಲಾಗದಷ್ಟು ಸುದ್ದಿ ಬರುತ್ತಿದ್ದುದರಿಂದ ಪರದೆಯ ಕೆಳಗೆ ಟಿಕ್ಕರ್ ಓಡಿಸತೊಡಗಿದವು. ತುರ್ತಿಗೆಂದು ಬಂದ ಪಟ್ಟಿ ಆಮೇಲೆ ಅಲ್ಲಿಯೇ ನೆಲೆ ನಿಂತಿತು. ಇಂಥ ಕಾಯಂ ನಿವಾಸಿಗಳು ಎಷ್ಟು ಸದ್ದಿಲ್ಲದೆ ಇದ್ದರೆ ಅಷ್ಟು ಒಳ್ಳೆಯದು. ಸ್ಕೋರ್ ಬಗ್‌ನ ಗಡಿಯಾರವನ್ನೇ ನೋಡಿ. ಫಾಂಟಿನಲ್ಲಿ 1ರ ಅಂಕಿ 8ರ ಅಂಕಿಗಿಂತ ತೆಳ್ಳಗಿದ್ದರೆ, ಪ್ರತಿ ಸೆಕೆಂಡಿಗೂ ಒಟ್ಟು ಅಗಲ ಬದಲಾಗಿ, ಗಡಿಯಾರ ಎಡಕ್ಕೂ ಬಲಕ್ಕೂ ನಡುಗುತ್ತಿರುತ್ತದೆ, ಕಣ್ಣು ಆಟವನ್ನು ಬಿಟ್ಟು ಅತ್ತಲೇ ಹೋಗುತ್ತದೆ. ಎಲ್ಲ ಅಂಕಿಗಳೂ ಸಮಾನ ಅಗಲವುಳ್ಳ ಫಾಂಟನ್ನು ಆರಿಸಬೇಕು, ಇಲ್ಲವಾದರೆ ಪ್ರತಿ ಅಂಕಿಗೂ ಪ್ರತ್ಯೇಕ ಗೂಡನ್ನು ಮಾಡಿ ಕೂರಿಸಬೇಕು. ವಾಹಿನಿಯ ಲೋಗೋವನ್ನು ಅರೆಪಾರದರ್ಶಕವಾಗಿಡುವುದಕ್ಕೂ ಕಾರಣವಿದೆ: ಒಂದೇ ಜಾಗದಲ್ಲಿ ಗಂಟೆಗಟ್ಟಲೆ ಉರಿಯುವ ಗಾಢ ಲೋಗೋ ಕೆಲವು ಬಗೆಯ ಪರದೆಗಳಲ್ಲಿ, ಮುಖ್ಯವಾಗಿ ಪ್ಲಾಸ್ಮಾ ಮತ್ತು ಓಎಲ್‌ಇಡಿ ಪರದೆಗಳಲ್ಲಿ, ಅಳಿಸಲಾರದ ನೆರಳನ್ನು ಉಳಿಸಬಲ್ಲದು.

ಟಿಕ್ಕರಿನ ವೇಗವನ್ನು ‘ಸ್ವಲ್ಪ ಜೋರು ಮಾಡಿ’, ‘ಸ್ವಲ್ಪ ನಿಧಾನ ಮಾಡಿ’ ಎಂದು ಬಾಯಿಮಾತಿನಲ್ಲಿ ಹೇಳುವವರೇ ಹೆಚ್ಚು, ಆದರೆ ಅದು ಕಿವಿಯಿಂದ ಕೇಳಿ ಹೊಂದಿಸುವ ವಿಷಯವಲ್ಲ. 1080 ಸಾಲುಗಳ ಇಂಟರ್ಲೇಸ್ ಪ್ರಸಾರದಲ್ಲಿ, ಅಂದರೆ ಪ್ರತಿ ಫ್ರೇಮಿನ ಬೆಸ ಸಾಲುಗಳನ್ನೂ ಸಮ ಸಾಲುಗಳನ್ನೂ ಎರಡು ಫೀಲ್ಡುಗಳಾಗಿ ಒಂದಾದ ಮೇಲೊಂದು ಕಳುಹಿಸುವ ಪದ್ಧತಿಯಲ್ಲಿ, ಸೆಕೆಂಡಿಗೆ 50 ಫೀಲ್ಡುಗಳಿರುತ್ತವೆ. ಪ್ರತಿ ಫೀಲ್ಡಿಗೆ 4 ಪಿಕ್ಸೆಲ್ ಸರಿಸಿದರೆ ಸೆಕೆಂಡಿಗೆ 200 ಪಿಕ್ಸೆಲ್. 1920 ಪಿಕ್ಸೆಲ್ ಅಗಲದ ಪರದೆಯನ್ನು ದಾಟಲು ಒಂದು ಪದಕ್ಕೆ 9.6 ಸೆಕೆಂಡು ಬೇಕು. 5 ಪಿಕ್ಸೆಲ್ ಮಾಡಿದರೆ 7.7 ಸೆಕೆಂಡು ಸಾಕು. ಇವೆರಡರ ನಡುವಿನ ವೇಗವನ್ನು ಯಾರಾದರೂ ಕೇಳಿದಾಗ ನಾನು ಒಪ್ಪುವುದಿಲ್ಲ, ಏಕೆಂದರೆ ಅರ್ಧ ಪಿಕ್ಸೆಲ್ ಸರಿಯಬೇಕಾದ ಅಕ್ಷರ ಒಂದು ಫೀಲ್ಡಿನಲ್ಲಿ ಚೂಪಾಗಿಯೂ ಮತ್ತೊಂದರಲ್ಲಿ ಮಸುಕಾಗಿಯೂ ಕಂಡು ಒಟ್ಟಾರೆ ಮಿಣುಕುತ್ತದೆ. ಕಾರ್ಯಕ್ರಮದ ಕೊನೆಯಲ್ಲಿ ಮೇಲಕ್ಕೆ ಏರುವ ಹೆಸರುಗಳಿಗೆ ಇನ್ನೂ ಬಿಗಿಯಾದ ನಿಯಮವಿದೆ: ಪ್ರತಿ ಫೀಲ್ಡಿಗೆ ಸಮಸಂಖ್ಯೆಯ ಸಾಲುಗಳಷ್ಟೇ ಸರಿಯಬೇಕು. ಒಂದೊಂದೇ ಸಾಲು ಸರಿದರೆ, ಎರಡು ಫೀಲ್ಡುಗಳಲ್ಲಿಯೂ ಅಕ್ಷರದ ಅದೇ ಅರ್ಧ ಸಾಲುಗಳು ಮರಳಿ ಮರಳಿ ಕಾಣುತ್ತವೆ, ಉಳಿದರ್ಧ ಪರದೆಗೆ ಬರುವುದೇ ಇಲ್ಲ. ಇದೇ ಇಂಟರ್ಲೇಸಿನ ದೆಸೆಯಿಂದ ಒಂದೇ ಪಿಕ್ಸೆಲ್ ದಪ್ಪದ ಅಡ್ಡಗೆರೆ ಎಡೆಬಿಡದೆ ಮಿನುಗುತ್ತದೆ. ಗೆರೆ ಎರಡು ಪಿಕ್ಸೆಲ್‌ಗಿಂತ ತೆಳ್ಳಗಿರಬಾರದು. ಕಂಪ್ಯೂಟರಿನ ಮಾನಿಟರಿನಲ್ಲಿ ಇದ್ಯಾವುದೂ ಕಾಣದಿರುವುದರಿಂದ, ನಿಜವಾದ ಟಿವಿಯೊಂದನ್ನು ಮೇಜಿನ ಬಳಿ ಇಡಿಸಿಕೊಳ್ಳಲು ಹಟ ಹಿಡಿಯುವುದು ತಪ್ಪಲ್ಲ.

ಬಣ್ಣದ ಬಗ್ಗೆ ಹೆಚ್ಚು ಹೇಳುವ ಅಗತ್ಯವಿಲ್ಲ. ಮನೆಗೆ ತಲುಪುವ ಸಂಕುಚಿತ ಸಂಕೇತದಲ್ಲಿ ಬೆಳಕಿನ ಮಾಹಿತಿ ಪ್ರತಿ ಪಿಕ್ಸೆಲ್‌ಗೂ ಇದ್ದರೆ, ಬಣ್ಣದ ಮಾಹಿತಿ ಸಾಮಾನ್ಯವಾಗಿ ನಾಲ್ಕು ಪಿಕ್ಸೆಲ್‌ಗಳಿಗೆ ಒಂದರಂತೆ ಮಾತ್ರ ಇರುತ್ತದೆ. ಆದ್ದರಿಂದ ನೀಲಿಯ ಮೇಲಿನ ಕೆಂಪು ಅಕ್ಷರದ ಅಂಚು ಕಲಸಿಹೋಗುತ್ತದೆ. ಚಿತ್ರವನ್ನು ಕಪ್ಪುಬಿಳುಪಿಗೆ ತಿರುಗಿಸಿ ನೋಡಿದಾಗಲೂ ಬರಹ ಓದಲು ಬಂದರೆ ಆ ಬಣ್ಣಗಳ ಜೋಡಿ ಪಾಸಾದಂತೆ. ಶುದ್ಧ ಬಿಳಿಯ ದೊಡ್ಡ ಪಟ್ಟಿಗಳನ್ನೂ ನಾನು ಮಾಡುವುದಿಲ್ಲ, ಮಾತಾಡುವವರ ಮುಖಕ್ಕಿಂತ ಪಟ್ಟಿಯೇ ಹೆಚ್ಚು ಬೆಳಗಿದರೆ ಅಲ್ಲಿ ಮುಖಕ್ಕೇನು ಕೆಲಸ? ಅಂಚಿನ ಅಂತರಕ್ಕೆ ಯೂರೋಪಿನ ಪ್ರಸಾರ ಸಂಘಟನೆ ಇಬಿಯು ಹೇಳುವ ಅಳತೆ ನನಗೆ ಸಾಕು: 16:9ರ ಚಿತ್ರದಲ್ಲಿ ನಾಲ್ಕೂ ಕಡೆ ಶೇಕಡಾ 5ರಷ್ಟು ಜಾಗ ಬಿಟ್ಟು ಬರಹವನ್ನು ಇಡಬೇಕು. ಪೂರ್ಣ ಎಚ್‌ಡಿ ಚೌಕಟ್ಟಿನಲ್ಲಿ ಅದು ಪಕ್ಕಗಳಲ್ಲಿ 96, ಮೇಲೆ ಕೆಳಗೆ 54 ಪಿಕ್ಸೆಲ್ ಆಗುತ್ತದೆ. ಚಿತ್ರದ ಅಂಚನ್ನು ಕತ್ತರಿಸಿ ತೋರಿಸುವ ಟಿವಿಗಳು ಹಳೆಯ ಪಿಕ್ಚರ್ ಟ್ಯೂಬಿನ ಕಾಲಕ್ಕೇ ಮುಗಿದವು ಎಂದು ವಾದಿಸುವವರು ಚಪ್ಪಟೆ ಟಿವಿಗಳ ಚಿತ್ರದ ಸೆಟ್ಟಿಂಗನ್ನು ಒಮ್ಮೆ ತೆರೆದು ನೋಡುವುದು ಒಳ್ಳೆಯದು.

ನೆರಳಿನ ವಿಷಯವೊಂದನ್ನು ಬಿಡುವ ಹಾಗಿಲ್ಲ. ಗ್ರಾಫಿಕ್ಸ್ ಯಂತ್ರದಿಂದ ವಿಷನ್ ಮಿಕ್ಸರ್‌ಗೆ, ಅಂದರೆ ಕ್ಯಾಮೆರಾ ಚಿತ್ರ ಮತ್ತು ಗ್ರಾಫಿಕ್ಸನ್ನು ಬೆರೆಸುವ ಯಂತ್ರಕ್ಕೆ, ಎರಡು ಸಂಕೇತಗಳು ಹೋಗುತ್ತವೆ. ಫಿಲ್ ಎಂಬುದು ಬಣ್ಣವನ್ನು ಒಯ್ಯುತ್ತದೆ, ಕೀ ಎಂಬುದು ಎಲ್ಲಿ ಎಷ್ಟು ಪಾರದರ್ಶಕ ಎಂಬುದನ್ನು ತಿಳಿಸುತ್ತದೆ. ಫಿಲ್ ಅನ್ನು ಕೀ ಜತೆ ಮೊದಲೇ ಗುಣಿಸಿ ಕಳುಹಿಸಿದ್ದರೆ ಮಿಕ್ಸರ್ ಮತ್ತೆ ಗುಣಿಸಬಾರದು. ಎರಡೂ ಕಡೆ ಗುಣಿಸಿದರೆ ಮೃದುವಾದ ಅಂಚುಗಳೆಲ್ಲ ಇರಬೇಕಾದುದಕ್ಕಿಂತ ಕಪ್ಪಾಗಿ, ಬಿಳಿ ಅಕ್ಷರಗಳ ಸುತ್ತ ಮಸಿಯ ಗೆರೆ ಎಳೆದಂತೆ ಕಾಣುತ್ತದೆ. ಕಡುಬಣ್ಣದ ಸ್ಟುಡಿಯೋ ಹಿನ್ನೆಲೆಯಲ್ಲಿ ಇದು ಗೊತ್ತೇ ಆಗುವುದಿಲ್ಲ, ಹೊರಾಂಗಣದ ಬೆಳಗಿದ ಆಕಾಶ ಹಿಂದೆ ಬಂದ ಕೂಡಲೇ ಎದ್ದು ಕಾಣುತ್ತದೆ. ಡಿಸೈನರ್ ನೆರಳನ್ನು ತೆಳುಮಾಡುತ್ತಾ ಕೂರುವ ಮೊದಲು ಪಿಸಿಆರ್‌ನ (ಕಾರ್ಯಕ್ರಮ ನಿಯಂತ್ರಣ ಕೊಠಡಿಯ) ಇಂಜಿನಿಯರನ್ನು ಕರೆದು, ಮಿಕ್ಸರಿನಲ್ಲಿ ಗ್ರಾಫಿಕ್ಸನ್ನು ಚಿತ್ರದ ಮೇಲೆ ಕೂರಿಸುವ ಕೀಯರಿನ ಸೆಟ್ಟಿಂಗ್ ಹೇಗಿದೆ ಎಂದು ಕೇಳಬೇಕು. ನನ್ನ ಪರೀಕ್ಷೆಯ ಹಿನ್ನೆಲೆಗಳಲ್ಲಿ ಬಿಳಿ ಆಕಾಶ, ಹಸಿರು ಮೈದಾನ, ಬಣ್ಣಬಣ್ಣದ ಜನಜಂಗುಳಿ ಯಾವಾಗಲೂ ಇರುತ್ತವೆ.

ಇನ್ನು ಆಪರೇಟರ್. ಆಫ್ಟರ್ ಎಫೆಕ್ಟ್ಸ್ ಎಂಬ ಸಾಫ್ಟ್‌ವೇರ್‌ನಲ್ಲಿ ಮಾಡಿದ ಅನಿಮೇಷನ್ ಒಂದು ರೆಕಾರ್ಡು, ಶುರುವಾದರೆ ಕೊನೆಯವರೆಗೂ ಓಡುತ್ತದೆ. ವಿಜ್‌ಆರ್‌ಟಿಯಂಥ, ಅಥವಾ ಸ್ವೀಡನ್ನಿನ ಸಾರ್ವಜನಿಕ ವಾಹಿನಿ ಎಸ್‌ವಿಟಿ ರೂಪಿಸಿ ಎಲ್ಲರ ಬಳಕೆಗೂ ಬಿಟ್ಟ ಕ್ಯಾಸ್ಪರ್‌ಸಿಜಿಯಂಥ ನೇರಪ್ರಸಾರದ ಗ್ರಾಫಿಕ್ಸ್ ವ್ಯವಸ್ಥೆಗಳಲ್ಲಿ ಅದೇ ಅನಿಮೇಷನ್ ಸೆಕೆಂಡಿಗೆ 50 ಸಲ ಆಗಿಂದಾಗಲೇ ಚಿತ್ರಣವಾಗಬೇಕಾದಾಗ ಒಂದೊಂದು ಚಿತ್ರಕ್ಕೆ ಸಿಗುವುದು 20 ಮಿಲಿಸೆಕೆಂಡು. ಅದಕ್ಕಿಂತಲೂ ದೊಡ್ಡ ವ್ಯತ್ಯಾಸವೆಂದರೆ ಅದು ಎಲ್ಲಿ ಬೇಕಾದರೂ ಕಡಿದುಹೋಗಬಹುದು. ಪಟ್ಟಿ ಇನ್ನೂ ಬಿಚ್ಚಿಕೊಳ್ಳುತ್ತಿರುವಾಗಲೇ ಬೈಟ್ ಮುಗಿದರೆ ‘ಔಟ್’ ಒತ್ತಲಾಗುತ್ತದೆ. ಒಂದು ಹೆಸರು ಇರುವಾಗಲೇ ಮುಂದಿನ ಹೆಸರಿನ ‘ಟೇಕ್’ (ಪರದೆಗೆ ತರುವ ಆದೇಶ) ಬರುತ್ತದೆ. ಒಮ್ಮೊಮ್ಮೆ ‘ಟೇಕ್’ ಎರಡು ಸಲ ಒತ್ತಿಹೋಗುತ್ತದೆ. ಹಾಗಾಗಿ ಪ್ರತಿ ಟೆಂಪ್ಲೇಟಿಗೂ ಬರುವುದು, ನಿಲ್ಲುವುದು, ನಿಂತಲ್ಲಿಯೇ ಬರಹ ಬದಲಿಸುವುದು, ಹೋಗುವುದು ಎಂಬ ನಾಲ್ಕು ಸ್ಥಿತಿಗಳನ್ನು ಬೇರೆಬೇರೆಯಾಗಿ ಕಟ್ಟಿ, ಯಾವುದರಿಂದ ಯಾವುದಕ್ಕೆ ಜಿಗಿದರೂ ಪಟ್ಟಿ ಅಡ್ಡಾದಿಡ್ಡಿಯಾಗದಂತೆ ನೋಡಿಕೊಳ್ಳಬೇಕು. ಖಾಲಿ ಬಿಟ್ಟ ಪೆಟ್ಟಿಗೆಗೂ ಒಂದು ಗತಿ ಕಾಣಿಸಬೇಕು: ಪದನಾಮ ಬರೆಯದಿದ್ದರೆ ಎರಡನೆಯ ಸಾಲಿನ ಪಟ್ಟಿ ಬರಲೇಬಾರದು, ಬರಿಯ ಬಣ್ಣದ ಡಬ್ಬಿಯಾಗಿ ಬಂದು ನಿಲ್ಲಬಾರದು. ಪೆಟ್ಟಿಗೆಗಳ ಹೆಸರುಗಳೂ ‘ಟೆಕ್ಸ್ಟ್ 1’, ‘ಟೆಕ್ಸ್ಟ್ 2’ ಎಂದಿರದೆ, ‘ಹೆಸರು’, ‘ಪದನಾಮ’, ‘ಸ್ಥಳ’ ಎಂದಿದ್ದರೆ ಡೆಸ್ಕಿನವರು ರನ್‌ಡೌನ್‌ನಲ್ಲಿ (ಬುಲೆಟಿನ್ನಿನ ಕ್ರಮಪಟ್ಟಿಯಲ್ಲಿ) ತುಂಬುವಾಗ ತಡವರಿಸುವುದಿಲ್ಲ.

ಕೊನೆಯದಾಗಿ ‘ಕ್ಲಿಯರ್ ಆಲ್’ ಗುಂಡಿ. ಪರದೆಯ ಮೇಲಿರುವ ಎಲ್ಲವೂ ಚೆಂದವಾಗಿ ಮಡಚಿಕೊಂಡು ಹೋಗುವಂತೆ ಇದಕ್ಕೂ ಅನಿಮೇಷನ್ ಬೇಕೆಂಬ ಬೇಡಿಕೆ ಆಗಾಗ ಬರುತ್ತದೆ, ನಾನು ಕೊಡುವುದಿಲ್ಲ. ಆ ಗುಂಡಿಯನ್ನು ಒತ್ತುವುದು ತಪ್ಪು ಹೆಸರೋ ತಪ್ಪು ಅಂಕಿಯೋ ಪ್ರಸಾರದಲ್ಲಿರುವಾಗ. ಅಂಥ ವೇಳೆ ಮರುಫ್ರೇಮಿನಲ್ಲಿಯೇ ಪರದೆ ಖಾಲಿಯಾಗಬೇಕು.