ಕನಾ ಒಂಬತ್ತು ಟಕ

"ಪಿ, ಎ ಗ್ರೇವ್, ಪೌಂಡ್, ಎ ಗ್ರೇವ್..."

ಯಾವುದೋ ಮಂತ್ರ ಅಂದುಕೊಂಡಿರಾ? 'ಕನ್ನಡ' ಅನ್ನುವ ಪದ ಇದು. ಗೆಳೆಯ ಕಳಿಸಿದ್ದ ಹಳೇ ಫೈಲಿನಲ್ಲಿ ಕರ್ಸರ್ ಇಟ್ಟು ಒಂದೊಂದೇ ಅಕ್ಷರ ಓದಿಸಿದಾಗ ನನ್ನ ಲ್ಯಾಪ್‌ಟಾಪ್ ಹೀಗೆ ಶುರು ಮಾಡಿತು. ಈಗ ಎಲ್ಲಾ ಕಂಪ್ಯೂಟರಿಗೂ ಅರ್ಥವಾಗುವ ಅಕ್ಷರ ಸಂಕೇತ ಯೂನಿಕೋಡ್, ಅದಲ್ಲದ ಹಳೇ ಫಾಂಟಿನಲ್ಲಿ ಟೈಪ್ ಮಾಡಿದ ಫೈಲು. ನೋಡುವವರಿಗೆ ಪರದೆ ಮೇಲೆ ಅಚ್ಚುಕಟ್ಟಾದ ಕನ್ನಡ. ಒಳಗೆ ಮಾತ್ರ ಇಂಗ್ಲಿಷ್ ಅಕ್ಷರ, ಪೌಂಡಿನ ಗುರುತು, ನಡುವೆ ಒಂದು ಜರ್ಮನ್ ಅಕ್ಷರ, ಎಲ್ಲಾ ಕಲಸಿದ ಚಿತ್ರಾನ್ನ. ಅದನ್ನು ಯೂನಿಕೋಡ್‌ಗೆ ತಿರುಗಿಸುವ ಪುಕ್ಕಟೆ ಸಾಧನಗಳು ಇವೆ. ತಿರುಗಿಸಿದೆ. ನೋಡಿದರೆ ಅದು ನನಗೆ ಬೇಕಾದ ಅಧ್ಯಾಯವೇ ಅಲ್ಲ, ಅವನು ಯಾವಾಗಲೋ ಮಾಡಿಕೊಂಡಿದ್ದ ಟಿಪ್ಪಣಿ.

ಎಂ.ಎ. ಎರಡನೇ ವರ್ಷದ ಮಾತು. ಸೆಮಿನಾರ್‌ಗೆ ನಾಲ್ಕೇ ದಿನ ಇತ್ತು. ಮೇಷ್ಟ್ರು ವಚನಗಳ ಬಗ್ಗೆ ಒಂದು ಹಳೇ ವಿಮರ್ಶೆ ಪುಸ್ತಕದ ಹೆಸರು ಹೇಳಿ, "ಮೂರನೇ ಅಧ್ಯಾಯ ಓದದೆ ಬಾಯಿ ಬಿಡಬೇಡ" ಅಂದಿದ್ದರು. 46 ಪುಟ. ಕಣ್ಣಿದ್ದವರಿಗೆ ಒಂದು ಸಂಜೆಯ ಕೆಲಸ.

ನನಗೆ ಎರಡೂ ಕಣ್ಣು ಕಾಣುವುದಿಲ್ಲ. ಕಿಟಕಿ ಯಾವ ಕಡೆಗಿದೆ ಅನ್ನುವಷ್ಟು ಬೆಳಕು ತಿಳಿಯುತ್ತದೆ, ಅಷ್ಟೇ. ಪಿಯುಸಿ ಮುಗಿದಾಗ ನೆಂಟರೆಲ್ಲ ಸೇರಿ "ಗದಗಿನ ಆಶ್ರಮಕ್ಕೆ ಕಳಿಸಿ, ಸಂಗೀತ ಕಲೀಲಿ" ಅಂದಿದ್ದರು. ಪಂಚಾಕ್ಷರಿ ಗವಾಯಿಗಳು, ಪುಟ್ಟರಾಜ ಗವಾಯಿಗಳು ಬಾಳಿದ ಜಾಗ, ಕೈ ಮುಗಿಯುತ್ತೇನೆ. ಆದರೆ ನನ್ನ ಕಂಠ ಕೇಳಿದ್ದರೆ ಅಲ್ಲಿನವರೇ ವಾಪಸ್ ಬಸ್ ಹತ್ತಿಸುತ್ತಿದ್ದರು.

ಗುರುವಾರ ಬೆಳಿಗ್ಗೆ ಹತ್ತಕ್ಕೇ ಲೈಬ್ರರಿಗೆ ಹೋದೆ. ನಮ್ಮ ಲೈಬ್ರರಿಯಲ್ಲಿ ಅಂಗವಿಕಲರಿಗೆ ಅಂತಲೇ ಒಂದು ಕೋಣೆ ಇತ್ತು. ಮೊದಲನೇ ಮಹಡಿಯಲ್ಲಿ. ಲಿಫ್ಟ್ ಇರಲಿಲ್ಲ. ಗಾಲಿಕುರ್ಚಿಯಲ್ಲಿ ಓಡಾಡುವ ಗೆಳೆಯನೊಬ್ಬ ಮೆಟ್ಟಿಲ ಕೆಳಗೆ ಕೂತು ಹೇಳುತ್ತಿದ್ದ: "ನಿನಗೆ ಕಣ್ಣಿಲ್ಲ, ನನಗೆ ಕಾಲಿಲ್ಲ, ಈ ಕೋಣೆ ಮಾಡಿದವರಿಗೆ ತಲೆಯಿಲ್ಲ."

ಅವತ್ತು ಕೋಣೆಗೆ ಬೀಗ. ಬೀಗದ ಕೈ ಇಟ್ಟುಕೊಂಡವರು ರಜೆ. ಇನ್ನೊಂದು ಕೀ ಸಿಗುವಷ್ಟರಲ್ಲಿ ಹನ್ನೊಂದೂವರೆ. ಒಳಗಿನ ಕಂಪ್ಯೂಟರಿನಲ್ಲಿ ದುಬಾರಿ ಸ್ಕ್ರೀನ್ ರೀಡರ್, ಅಂದರೆ ಪರದೆ ಮೇಲಿರುವುದನ್ನು ಓದಿ ಹೇಳುವ ತಂತ್ರಾಂಶ, ಹಾಕಿಸಿದ್ದರು, ಆದರೆ ಲೈಸೆನ್ಸ್ ಮುಗಿದಿತ್ತು. 40 ನಿಮಿಷ ಮಾತಾಡಿ ಮೌನವ್ರತ ಹಿಡಿಯುತ್ತಿತ್ತು. ಮತ್ತೆ ಮಾತಾಡಿಸಬೇಕಾದರೆ ಕಂಪ್ಯೂಟರ್ ಆರಿಸಿ ಹಚ್ಚಬೇಕು. ಅದಕ್ಕೇ ನನ್ನ ಜೇಬಿನಲ್ಲಿ ಯಾವಾಗಲೂ ಒಂದು ಪೆನ್‌ಡ್ರೈವ್. ಅದರಲ್ಲಿ ಎನ್‌ವಿಡಿಎ ಅನ್ನುವ ಪುಕ್ಕಟೆ ಸ್ಕ್ರೀನ್ ರೀಡರ್. ಇನ್‌ಸ್ಟಾಲ್ ಕೂಡ ಮಾಡಬೇಕಿಲ್ಲ, ಚುಚ್ಚಿ ತೆರೆದರೆ ಸಾಕು, ಕಂಪ್ಯೂಟರ್ ಮಾತಾಡುತ್ತೆ, ಕನ್ನಡದಲ್ಲೂ. 2006ರಲ್ಲಿ ಇದನ್ನು ಶುರು ಮಾಡಿದ್ದು ಆಸ್ಟ್ರೇಲಿಯಾದ ಮೈಕೆಲ್ ಕರನ್ ಅನ್ನುವ ಹುಡುಗ, ಜೊತೆಗೆ ಸೇರಿದ್ದು ಜೇಮ್ಸ್ ಟೇ. ಇಬ್ಬರಿಗೂ ಕಣ್ಣು ಕಾಣುವುದಿಲ್ಲ. ದುಡ್ಡು ತಗೊಳ್ಳೋದಿಲ್ಲ. ನಮ್ಮವರು ಅಂದರೆ ಹೀಗೆ ನೋಡಿ.

ಮೊದಲು ಸುಗಮ್ಯ ಪುಸ್ತಕಾಲಯದಲ್ಲಿ ಹುಡುಕಿದೆ. 2016ರಲ್ಲಿ ಶುರುವಾದ ಆನ್‌ಲೈನ್ ಲೈಬ್ರರಿ, ಅಚ್ಚು ಓದಲಾಗದವರಿಗೆ ಅಂತಲೇ ಇರುವುದು. ನಮ್ಮ ಪುಸ್ತಕ ಇರಲಿಲ್ಲ. ಅಂದರೆ ಸ್ಕ್ಯಾನೇ ಗತಿ.

ಅವತ್ತು ಡ್ಯೂಟಿಯಲ್ಲಿದ್ದ ಅಕ್ಕನಿಗೆ ಕೇಳಿದೆ. ಪಾಪ, ಹೊಸಬರು. "ಪೂರ್ತಿ ಅಧ್ಯಾಯ ಸ್ಕ್ಯಾನ್ ಮಾಡಿದ್ರೆ ಕಾಪಿರೈಟ್ ತೊಂದರೆ ಆಗಲ್ವಾ?" ಅಂದರು. ಈ ಪ್ರಶ್ನೆಗೆ ನನ್ನ ಉತ್ತರ ಬಾಯಿಪಾಠ. 2012ರಲ್ಲಿ ಕಾಪಿರೈಟ್ ಕಾಯ್ದೆ ತಿದ್ದುಪಡಿ ಆಗಿದೆ. ಅಂಗವಿಕಲರು ಓದುವಂತೆ ಪುಸ್ತಕದ ರೂಪ ಬದಲಿಸಿ ಕೊಡೋದು ತಪ್ಪಲ್ಲ, ಸೆಕ್ಷನ್ 52ರಲ್ಲಿದೆ. ಪ್ರಕಾಶಕರ ಅನುಮತಿ ಬೇಡ. ಇದೇ ವಿಷಯಕ್ಕೆ ಮರ‍್ರಾಕೇಶ್ ಒಪ್ಪಂದ ಅಂತ ಇದೆ, ಅದನ್ನು 2014ರಲ್ಲಿ ಎಲ್ಲರಿಗಿಂತ ಮೊದಲು ಅಧಿಕೃತವಾಗಿ ಒಪ್ಪಿಕೊಂಡ ದೇಶ ನಮ್ಮದೇ. ಒಂದೇ ಉಸಿರಿಗೆ ಒದರಿದೆ. ಅವರು ಮೇಲಿನವರಿಗೆ ಫೋನ್ ಮಾಡಿದರು. ಮೇಲಿನವರು ವಿಭಾಗದ ಮುಖ್ಯಸ್ಥರಿಂದ ಪತ್ರ ತರಿಸಿ ಅಂದರು. ವಿಭಾಗ ಕ್ಯಾಂಪಸ್ಸಿನ ಆ ತುದಿಗೆ. ಅಕ್ಕ ಒಂದು ಕ್ಷಣ ಸುಮ್ಮನಿದ್ದು, "ಪತ್ರ ನಾಳೆ ತನ್ನಿ. ಪುಸ್ತಕ ಇವತ್ತೇ ಮಾಡೋಣ" ಅಂದರು.

ಪುಸ್ತಕವನ್ನು ಮೊದಲು ನನ್ನ ಕೈಗೆ ಕೊಟ್ಟರು. ಹಳೇ ಅಂಟಿನ ವಾಸನೆ. ಬೆನ್ನಿನ ಮೇಲೆ ಚೀಟಿ ಅಂಟಿಸಿದ್ದು ಬೆರಳಿಗೆ ಸಿಕ್ಕಿತು. ಕನ್ನಡ ಸಾಹಿತ್ಯದ ನಂಬರ್ 894.814 ಇರುತ್ತೆ ಅಲ್ಲಿ, ಗೊತ್ತು. ಮುಟ್ಟಿದರೆ ಬರೀ ನುಣ್ಣಗಿನ ಕಾಗದ. ಒಳಗಿನ ತಾರೀಖು ಚೀಟಿ ನೋಡಿ ಅಕ್ಕ, "ಹನ್ನೊಂದು ವರ್ಷದಿಂದ ಯಾರೂ ತಗೊಂಡಿಲ್ಲ ಇದನ್ನ" ಅಂದರು. ಕಣ್ಣಿದ್ದವರೂ ಓದಿಲ್ಲ ಅಂದಹಾಗಾಯಿತು!

ಬೈಂಡಿಂಗ್ ಬಿಗಿ. ಪುಸ್ತಕ ಬಿಚ್ಚಿಕೊಳ್ಳದೆ ನಡುವಿನ ಅಕ್ಷರಗಳೆಲ್ಲ ಮಡಿಕೆಯೊಳಗೆ ಬಾಗುತ್ತವೆ, ಯಂತ್ರಕ್ಕೆ ಅವು ಕಾಣುವುದಿಲ್ಲ. ಅಕ್ಕ ಅಂಗೈ ಊರಿ ಒತ್ತಿ ಹಿಡಿದರು. ಒಂದೊಂದು ಸಲ ಒತ್ತಿದಾಗಲೂ ಅವರ ಬಳೆ ಸ್ಕ್ಯಾನರಿನ ಗಾಜಿಗೆ ತಾಗಿ ಟಿಕ್ ಅನ್ನುತ್ತಿತ್ತು. ಎರಡೆರಡು ಪುಟ ಒಟ್ಟಿಗೆ. ನಾನು ಬಳೆ ಎಣಿಸುತ್ತಾ ಕೂತೆ. 23ನೇ ಟಿಕ್‌ಗೆ ಅಧ್ಯಾಯ ಮುಗಿಯಿತು.

ಸ್ಕ್ಯಾನ್ ಆದದ್ದು ಬರೀ ಚಿತ್ರ. ಅದನ್ನು ಒಸಿಆರ್ ಅನ್ನುವ, ಚಿತ್ರದಲ್ಲಿನ ಅಕ್ಷರ ಗುರುತಿಸುವ ತಂತ್ರಾಂಶಕ್ಕೆ ಕೊಟ್ಟು ಅಕ್ಷರ ಮಾಡಿಸಬೇಕು. ಅದೂ ಆಯಿತು. ಇಯರ್‌ಫೋನ್ ತೆಗೆದು ಸ್ಪೀಕರಿನಲ್ಲೇ ಹಾಕಿದೆ, ಅಕ್ಕನೂ ಕೇಳಲಿ ಅಂತ.

"ಕನಾ ಒಂಬತ್ತು ಟಕದ ವಚನ ವಿಮಶೆ ಒಂಬತ್ತು..."

ಇಬ್ಬರೂ ನಕ್ಕೆವು. ಮುಂದೆ 'ಧಮ ಒಂಬತ್ತು' ಬಂತು, 'ಮಾಗ ಒಂಬತ್ತು' ಬಂತು, 'ಬಂತು' ಅನ್ನುವುದೇ 'ಬ ಸೊನ್ನೆ ತು' ಆಗಿತ್ತು. ಈ ಒಂಬತ್ತು ನನಗೆ ಹೊಸದಲ್ಲ, ಯಾವ ಸ್ಕ್ಯಾನ್ ತೆಗೆದರೂ ಇರುತ್ತೆ. ಯಂತ್ರಕ್ಕೆ ಏನೋ ಕಾಯಿಲೆ ಅಂತ ಬಿಟ್ಟಿದ್ದೆ. ಅಕ್ಕ ಪರದೆ ನೋಡಿ, "ಅಯ್ಯೋ, ಇದು ಅರ್ಕಾವೊತ್ತು ಕಣ್ರಿ" ಅಂದರು. "ಅರ್ಕಾವೊತ್ತೂ ಕನ್ನಡದ ಒಂಬತ್ತೂ ನೋಡೋಕೆ ಒಂದೇ ಥರ. ಅದಕ್ಕೇ."

ನಾನು ಬ್ರೈಲಿನಲ್ಲಿ ಕಲಿತವನು. ಆರು ಚುಕ್ಕೆಗಳ ಮನೆಗಳು, ಒಂದರ ಪಕ್ಕ ಒಂದು. ಬ್ರೈಲಿನಲ್ಲಿ ಅಕ್ಷರದ ಕೆಳಗೆ, ಪಕ್ಕಕ್ಕೆ ಒತ್ತು ನೇತಾಡುವುದಿಲ್ಲ. ಎಲ್ಲಿ ಉಚ್ಚರಿಸುತ್ತೇವೋ ಅಲ್ಲೇ 'ರ್' ಬರುತ್ತೆ. ಅರ್ಕಾವೊತ್ತಿನ ಬಗ್ಗೆ ವ್ಯಾಕರಣದಲ್ಲಿ ಓದಿದ್ದೆ, ಪರೀಕ್ಷೆಯಲ್ಲಿ ಬರೆಸಿ ಅಂಕವನ್ನೂ ತಗೊಂಡಿದ್ದೆ. ಅದು ಹೇಗಿರುತ್ತೆ ಅಂತ ಮಾತ್ರ ಗೊತ್ತೇ ಇರಲಿಲ್ಲ. ಯಾರನ್ನಾದರೂ ಕೇಳಬೇಕು ಅಂತ ನನಗೆ ಅನ್ನಿಸಿರಲಿಲ್ಲ, ನನಗೆ ಹೇಳಬೇಕು ಅಂತ ಯಾರಿಗೂ ಅನ್ನಿಸಿರಲಿಲ್ಲ.

"ಹೇಗಿರುತ್ತೆ?" ಅಂದೆ.

ಅಕ್ಕ ನನ್ನ ಅಂಗೈ ಬಿಡಿಸಿ, ಪೆನ್ನಿನ ಮುಚ್ಚಳದಿಂದ ಬರೆದರು. ಮೊದಲು ದೊಡ್ಡದಾಗಿ 'ಮ'. ಅದರ ಬಲಕ್ಕೆ ಒಂದು ಪುಟ್ಟ ಸುಳಿ, ಸುಳಿಗೊಂದು ಬಾಲ. "ಇದು ರ್. ಹೇಳೋದು ಮೊದಲು, ಬರೆಯೋದು ಆಮೇಲೆ." ಇನ್ನೊಂದ್ಸಲ ಅಂದೆ. ಬರೆದರು. ಮತ್ತೊಂದ್ಸಲ ಅಂದೆ. ಕಚಗುಳಿ ಆಗುತ್ತಿತ್ತು. ಇಪ್ಪತ್ಮೂರು ವರ್ಷದ ಕನ್ನಡ ಎಂ.ಎ. ಹುಡುಗ ಲೈಬ್ರರಿಯಲ್ಲಿ ಕೂತು ಅಕ್ಷರ ತಿದ್ದಿಸಿಕೊಳ್ಳುತ್ತಿದ್ದೆ.

ಒಂಬತ್ತುಗಳನ್ನೆಲ್ಲ ಒಂದೇ ಸಲ ಬದಲಿಸಿಬಿಡೋಣ ಅಂತ ಅಕ್ಕ ನೋಡಿದರು. ಆಗಲಿಲ್ಲ. 'ರ್' ಒಂದಕ್ಷರ ಹಿಂದಕ್ಕೆ ಹೋಗಬೇಕು, ಜೊತೆಗೆ ಇಸವಿಗಳಲ್ಲಿರುವ ನಿಜವಾದ ಒಂಬತ್ತುಗಳು ಕೆಡಬಾರದು. ಬಿಡಿ, ನಾನೇ ನೋಡ್ಕೊತೀನಿ ಅಂದೆ. ಒಂಬತ್ತು ಯಾಕೆ ಬರುತ್ತೆ ಅಂತ ಗೊತ್ತಾದ ಮೇಲೆ ತಲೆಯೇ ಅದನ್ನು ಎತ್ತಿ ಹಿಂದಕ್ಕೆ ಇಡತೊಡಗಿತ್ತು.

ನನಗೆ ಓದಿ ಹೇಳುವವರಿಲ್ಲ ಅಂತಲ್ಲ. ಒಳ್ಳೇ ಗೆಳೆಯರಿದ್ದಾರೆ, ಪ್ರೀತಿಯಿಂದ ಓದುತ್ತಾರೆ. ಆದರೆ ಒಂದು ವಾಕ್ಯ ತಲೆಗೆ ಹೋಗದಿದ್ದಾಗ 'ಇನ್ನೊಂದ್ಸಲ' ಅಂತ ಎಷ್ಟು ಸಲ ಕೇಳೋದು? ಎರಡನೇ ಸಲಕ್ಕೆ ದನಿಯಲ್ಲೊಂದು ಬದಲಾವಣೆ ಬರುತ್ತೆ. ಮೂರನೇ ಸಲಕ್ಕೆ ನಾನೇ 'ಹ್ಞಾಂ, ಗೊತ್ತಾಯ್ತು' ಅಂದುಬಿಡುತ್ತೇನೆ. ಗೊತ್ತಾಗಿರುವುದಿಲ್ಲ.

ಆ ರಾತ್ರಿ ಹಾಸ್ಟೆಲಿನಲ್ಲಿ ಊಟ ಮುಗಿಸಿ ಶುರು ಮಾಡಿದೆ. ಮೂವತ್ತನೇ ಪುಟದ ಹತ್ತಿರ ಒಂದು ಪ್ಯಾರಾ ಕಬ್ಬಿಣದ ಕಡಲೆ. ಓದಿಸಿದೆ. ಮತ್ತೆ ಓದಿಸಿದೆ. ಏಳು ಸಲ. ಯಂತ್ರ ಬೇಜಾರು ಮಾಡಿಕೊಳ್ಳಲಿಲ್ಲ, ಮೊದಲನೇ ಸಲದ ದನಿಯಲ್ಲೇ ಏಳನೇ ಸಲವೂ ಓದಿತು. ಇಯರ್‌ಫೋನಿನ ಪಿನ್ ಯಾವಾಗಲೋ ಕಳಚಿತ್ತು, ನನಗೆ ಅದರ ಕಡೆ ಗಮನವೇ ಇರಲಿಲ್ಲ.

ಪಕ್ಕದ ಮಂಚದಿಂದ ರೂಮ್‌ಮೇಟ್ ಮಗ್ಗುಲು ಬದಲಿಸಿದ. "ಲೋ, ಗಂಟೆ ಒಂದೂವರೆ. ಆಗಿಂದ ಒಂಬತ್ತು ಒಂಬತ್ತು ಅಂತಿದೆಯಲ್ಲೋ ಅದು, ಮಗ್ಗಿ ಕಲೀತಿದೀಯಾ?"